ನಿಮಗಿದು ಗೊತ್ತೇ? ಆ್ಯಪ್ ಕಲಿಸುವ ಪುಸ್ತಕಗಳ ಅಚ್ಚರಿಗಳು!

ಪುಸ್ತಕ ಬರೆದಾಯಿತು. ಕರಡು ತಿದ್ದಿದ್ದೂ ಆಯಿತು. ಕೊಳ್ಳುವವರು ತುದಿಗಾಲಲ್ಲಿ ನಿಂತಿದ್ದಾರೆ. ಆದರೆ ಅಚ್ಚು ಹಾಕಿಸುವಂತಿಲ್ಲ! ಐಫೋನ್ ಆ್ಯಪ್ ಮಾಡುವುದನ್ನು ಕಲಿಸುವ ಪುಸ್ತಕಗಳಿಗೆ 2008ರಲ್ಲಿ ಬಂದ ಪಾಡು ಇದು.

ಆ ವರ್ಷ ಮಾರ್ಚ್‌ನಲ್ಲಿ ಆ್ಯಪಲ್ ಕಂಪನಿ ಆ್ಯಪ್ ಕಟ್ಟುವ ಸಾಫ್ಟ್‌ವೇರ್ ಸಲಕರಣೆಗಳನ್ನು ಹೊರಗೆ ಬಿಟ್ಟಿತು. ಯಾರು ಬೇಕಾದರೂ ಡೌನ್‌ಲೋಡ್ ಮಾಡಿಕೊಳ್ಳಬಹುದು. ಒಂದೇ ಷರತ್ತು: ಒಳಗೆ ಏನಿದೆ ಅಂತ ಯಾರ ಮುಂದೆಯೂ ಬಾಯಿ ಬಿಡಬಾರದು. ಬಾಯಿ ಬಿಡದೆ ಪಾಠ ಹೇಳುವುದು ಹೇಗೆ ಸ್ವಾಮಿ?

ಜುಲೈ 10ಕ್ಕೆ ಆ್ಯಪ್ ಸ್ಟೋರ್ ತೆರೆಯಿತು. ಮೊದಲ ದಿನ ಅಲ್ಲಿದ್ದದ್ದು ಬರೀ 500 ಆ್ಯಪ್. ಮೊದಲ ವಾರಾಂತ್ಯದಲ್ಲೇ ಒಂದು ಕೋಟಿ ಡೌನ್‌ಲೋಡ್! ಆದರೂ ಷರತ್ತು ಸಡಿಲವಾಗಲಿಲ್ಲ. ಊರಿಗೆಲ್ಲ ಹಂಚಿದ ಆ್ಯಪನ್ನು ಹೇಗೆ ಮಾಡಿದೆ ಎಂದು ಪಕ್ಕದ ಮನೆಯ ಪ್ರೋಗ್ರಾಮರಿಗೆ ಹೇಳಿದರೂ ಅದು ಕರಾರು ಮುರಿದಂತೆಯೇ!

ಪ್ರ್ಯಾಗ್ಮ್ಯಾಟಿಕ್ ಪ್ರೋಗ್ರಾಮರ್ಸ್ ಎಂಬ ಅಮೆರಿಕದ ಪ್ರಕಾಶನ ಕಾದೂ ಕಾದೂ ಸುಸ್ತಾಯಿತು. ನಮ್ಮ ಐಫೋನ್ ಪುಸ್ತಕವನ್ನು ಕೈಬಿಡುತ್ತಿದ್ದೇವೆ ಅಂತ ಸೆಪ್ಟೆಂಬರ್ ತಿಂಗಳಲ್ಲಿ ಸಾರಿಯೇ ಬಿಟ್ಟಿತು. ಮುಂದೇನಾಯಿತು ಗೊತ್ತೇ? ಅಕ್ಟೋಬರ್ 1ಕ್ಕೆ ಆ್ಯಪಲ್ ಷರತ್ತನ್ನೇ ತೆಗೆದುಹಾಕಿತು! ಕಟ್ಟಿಟ್ಟಿದ್ದ ಪುಸ್ತಕಗಳೆಲ್ಲ ಒಂದರ ಹಿಂದೊಂದು ಅಂಗಡಿಗೆ ಬಂದವು. ಕೈಬಿಟ್ಟಿದ್ದ ಆ ಪುಸ್ತಕಕ್ಕೂ ಮತ್ತೆ ಜೀವ ಬಂತು.

ಇನ್ನೂ ಒಂದು ಸೋಜಿಗ. 2007ರಲ್ಲಿ ಬಂದ ಮೊದಲ ಐಫೋನಿಗೆ ಆ್ಯಪ್ ಸ್ಟೋರೇ ಇರಲಿಲ್ಲ! ನಿಮ್ಮ ಆ್ಯಪ್ ಬೇಕಿದ್ದರೆ ಬ್ರೌಸರ್‌ನಲ್ಲಿ ಓಡುವಂತೆ ಮಾಡಿಕೊಳ್ಳಿ ಎಂದು ಕಂಪನಿ ಕೈತೊಳೆದುಕೊಂಡಿತ್ತು. ವರ್ಷ ತುಂಬುವಷ್ಟರಲ್ಲಿ ಮನಸ್ಸು ಬದಲಾಯಿತು.

ಆಂಡ್ರಾಯ್ಡ್ ಕಥೆ ಕೇಳಿದರಂತೂ ನಗು ಬರುತ್ತದೆ. 2003ರಲ್ಲಿ ಆ ಕಂಪನಿ ಶುರುವಾದಾಗ ಅದರ ಕಣ್ಣಿದ್ದದ್ದು ಫೋನಿನ ಮೇಲಲ್ಲ, ಡಿಜಿಟಲ್ ಕ್ಯಾಮೆರಾ ಮೇಲೆ! ಕ್ಯಾಮೆರಾ ಮಾರುಕಟ್ಟೆ ಚಿಕ್ಕದೆನಿಸಿ ಫೋನಿನ ಕಡೆ ತಿರುಗಿದರು. 2005ರಲ್ಲಿ ಗೂಗಲ್ ಕೊಂಡುಕೊಂಡಿತು.

ಪುಸ್ತಕಕ್ಕೇ ಮರಳೋಣ. ಯಾವ ಭಾಷೆಯ ಪ್ರೋಗ್ರಾಮಿಂಗ್ ಪುಸ್ತಕವನ್ನು ತೆಗೆದರೂ ಮೊದಲ ಪಾಠ ಸಾಮಾನ್ಯವಾಗಿ ಒಂದೇ. ಪರದೆಯ ಮೇಲೆ ‘ಹಲೋ, ವರ್ಲ್ಡ್’ ಎಂದು ಮೂಡಿಸುವುದು. ಇದನ್ನು ಮನೆಮಾತಾಗಿಸಿದ್ದು ಬ್ರಯಾನ್ ಕರ್ನಿಗನ್ ಮತ್ತು ಡೆನಿಸ್ ರಿಚಿ 1978ರಲ್ಲಿ ಬರೆದ ಸಿ ಭಾಷೆಯ ಪುಸ್ತಕ. ಆ ಮೂಲ ಸಾಲಿನಲ್ಲಿ ಎಲ್ಲವೂ ಇಂಗ್ಲಿಷಿನ ಸಣ್ಣಕ್ಷರ. ಕೊನೆಯಲ್ಲಿ ಆಶ್ಚರ್ಯಸೂಚಕ ಚಿಹ್ನೆ ಕೂಡ ಇಲ್ಲ! ಆಮೇಲೆ ಬಂದವರು ತಮ್ಮ ಖುಷಿಗೆ ಸೇರಿಸಿಕೊಂಡದ್ದು ಅದು. (ಈ ಅಂಕಣದವರು ಬರೆದಿದ್ದರೆ ಮೂರು ಹಾಕುತ್ತಿದ್ದೆವು ಬಿಡಿ.)

ಎಲ್ಲರೂ ಜಗತ್ತಿಗೆ ನಮಸ್ಕಾರ ಹೇಳುತ್ತಾ ಕೂರಬೇಕೇ? ಆ್ಯಪ್ ಇನ್ವೆಂಟರ್ ಎಂಬ ಆ್ಯಪ್ ಕಟ್ಟುವ ಸಲಕರಣೆಯನ್ನು ಕಲಿಸುವ ಪುಸ್ತಕದ ಮೊದಲ ಪಾಠದಲ್ಲಿ ಒಂದು ಬೆಕ್ಕಿನ ಚಿತ್ರವಿದೆ. ಬೆರಳಿನಿಂದ ತಟ್ಟಿದರೆ ಮಿಯಾಂವ್ ಎನ್ನುತ್ತದೆ! ಪಾಠದ ಹೆಸರೇ ‘ಹಲೋ ಪರ್’. ಆ್ಯಪ್ ಇನ್ವೆಂಟರ್‌ನಲ್ಲಿ ಕೋಡ್ ಟೈಪ್ ಮಾಡುವ ಗೋಜೇ ಇಲ್ಲ. ಬಣ್ಣಬಣ್ಣದ ತುಂಡುಗಳನ್ನು ಒಂದಕ್ಕೊಂದು ಸಿಕ್ಕಿಸಿದರೆ ಆ್ಯಪ್ ಸಿದ್ಧ. 2010ರಲ್ಲಿ ಗೂಗಲ್ ಹೊರತಂದ ಇದು ಈಗ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಮಡಿಲಲ್ಲಿದೆ. ಬಳಸಲು ಕಾಸು ಕೊಡಬೇಕಿಲ್ಲ.

ಕಂಪ್ಯೂಟರ್ ಪುಸ್ತಕಗಳ ಮುಖಪುಟದಲ್ಲಿ ಪ್ರಾಣಿಗಳು ಯಾಕಿರುತ್ತವೆ ಎಂದು ಯೋಚಿಸಿದ್ದೀರಾ? ಅದು ಓರೈಲಿ ಪ್ರಕಾಶನದ ಗುರುತು. ಎಡೀ ಫ್ರೀಡ್‌ಮನ್ ಎಂಬ ವಿನ್ಯಾಸಕಿಗೆ ಯುನಿಕ್ಸ್ ಎಂಬ ಕಂಪ್ಯೂಟರ್ ವ್ಯವಸ್ಥೆಯ ಆಜ್ಞೆಗಳ ಹೆಸರುಗಳು ವಿಚಿತ್ರವಾಗಿ ಕೇಳಿಸಿದವಂತೆ. ಹೆಸರು ವಿಚಿತ್ರವಾದರೆ ಮುಖಪುಟಕ್ಕೂ ವಿಚಿತ್ರ ಜೀವಿಯೇ ಇರಲಿ ಎಂದು 19ನೇ ಶತಮಾನದ ಹಳೆಯ ಕೆತ್ತನೆ ಚಿತ್ರಗಳನ್ನು ಹೆಕ್ಕಿ ತಂದರು. ಅದೇ ಪ್ರಕಾಶನದ ಹೆಗ್ಗುರುತಾಯಿತು!

ಅವುಗಳಲ್ಲಿ ನಮ್ಮವನೊಬ್ಬ ಇದ್ದಾನೆ. ‘ಸೆಡ್ ಆ್ಯಂಡ್ ಆಕ್’ ಎಂಬ ಪುಸ್ತಕದ ಮೇಲೆ ದೊಡ್ಡ ಕಣ್ಣು ಬಿಟ್ಟುಕೊಂಡು ಕೂತಿರುವುದು ಯಾರು ಹೇಳಿ? ಕಾಡುಪಾಪ! ತುಮಕೂರು ಸೀಮೆಯಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮರಗಳ ಮೇಲೆ ರಾತ್ರಿ ಹೊತ್ತು ಓಡಾಡುವ ಅದೇ ಕಾಡುಪಾಪ. ದಕ್ಷಿಣ ಭಾರತ, ಶ್ರೀಲಂಕಾ ಬಿಟ್ಟರೆ ಕಾಡಿನಲ್ಲಿ ಬೇರೆಲ್ಲೂ ಸಿಗದ ಪ್ರಾಣಿ, ಜಗತ್ತಿನ ಪ್ರೋಗ್ರಾಮರುಗಳ ಮೇಜು ಹತ್ತಿದೆ!

ಅದೇ ಪ್ರಕಾಶನದ ಒಂದು ಚೇಷ್ಟೆ ನೋಡಿ. ಪೈಥಾನ್ ಭಾಷೆಯಲ್ಲಿ ಪಳಗಿದವರ ಪುಸ್ತಕದ ಮೇಲೆ ಹೆಬ್ಬಾವಿದೆ. ಅದೇ ಭಾಷೆಯನ್ನು ಹೊಸದಾಗಿ ಕಲಿಯುವವರ ಪುಸ್ತಕದ ಮೇಲೆ? ಇಲಿ! ಯಾರಿಗೆ ಯಾರು ಆಹಾರ ಎಂದು ಬಿಡಿಸಿ ಹೇಳಬೇಕೇ?

ಓದುಗರನ್ನು ದಡ್ಡರೆಂದು ಕರೆದು ಗೆದ್ದ ಪುಸ್ತಕಮಾಲೆಯೂ ಇದೆ. 1991ರಲ್ಲಿ ‘ಡಾಸ್ ಫಾರ್ ಡಮ್ಮೀಸ್’ ಬಂದಾಗ, ಗಿರಾಕಿಗಳಿಗೆ ಬೈದಂತಾಗುತ್ತದೆ ಎಂದು ದೊಡ್ಡ ಪುಸ್ತಕದಂಗಡಿಗಳು ಹಿಂದೆಮುಂದೆ ನೋಡಿದವು. ಮೊದಲ ಮುದ್ರಣ 7,500 ಪ್ರತಿ ಮಾತ್ರ. ಜನ ಬೇಜಾರು ಮಾಡಿಕೊಳ್ಳಲಿಲ್ಲ, ಮುಗಿಬಿದ್ದು ಕೊಂಡರು! ಮುಂದೆ ಐಫೋನ್ ಆ್ಯಪ್ ಮಾಡುವುದಕ್ಕೂ, ಆಂಡ್ರಾಯ್ಡ್ ಆ್ಯಪ್ ಮಾಡುವುದಕ್ಕೂ ‘ಡಮ್ಮೀಸ್’ ಬಂದವು.

ಆ್ಯಪ್ ಪುಸ್ತಕದ ಆಯಸ್ಸು ಎಷ್ಟು? ಏಪ್ರೆಸ್ ಪ್ರಕಾಶನದ ‘ಬಿಗಿನಿಂಗ್ ಐಫೋನ್ ಡೆವಲಪ್‌ಮೆಂಟ್’ ಬಂದದ್ದು 2008ರ ಕೊನೆಗೆ. 2009ರಲ್ಲಿ ಅದರ ಹೆಸರು ‘ಬಿಗಿನಿಂಗ್ ಐಫೋನ್ 3’. 2011 ಶುರುವಾಗುವಾಗ ‘ಬಿಗಿನಿಂಗ್ ಐಫೋನ್ 4’. ಅದೇ ವರ್ಷ ಮುಗಿಯುವಾಗ ‘ಬಿಗಿನಿಂಗ್ ಐಒಎಸ್ 5’! ಫೋನು ಬದಲಾದ ಹಾಗೆಲ್ಲ ಪುಸ್ತಕವೂ ಹೆಸರು ಬದಲಿಸುತ್ತಾ ಓಡಿತು. ಒಳಗಿನ ಚಿತ್ರಗಳ ಗತಿ ಇನ್ನೂ ಕಷ್ಟ. ಇಲ್ಲಿ ಒತ್ತಿ ಎಂದು ಪುಸ್ತಕ ತೋರಿಸುವ ಬಟನ್ ನಿಮ್ಮ ಕಂಪ್ಯೂಟರಿನಲ್ಲಿ ಇರುವುದೇ ಇಲ್ಲ! ನನ್ನನ್ನು ಕೇಳಿದರೆ, ಇಂಥ ಪುಸ್ತಕ ಬರೆಯುವವರ ಧೈರ್ಯಕ್ಕೆ ಒಂದು ಸಲಾಂ ಹೊಡೆಯಬೇಕು.

ಇದಕ್ಕೆ ತದ್ವಿರುದ್ಧ ಒಂದು ಪ್ರಸಂಗ. 2014ರ ಜೂನ್ 2ರಂದು ಆ್ಯಪಲ್ ವೇದಿಕೆಯ ಮೇಲೆ ಸ್ವಿಫ್ಟ್ ಎಂಬ ಹೊಸ ಭಾಷೆಯನ್ನು ತೋರಿಸಿತು. ಸಭೆಯಲ್ಲಿ ಕೂತಿದ್ದ ಸಾವಿರಾರು ಪ್ರೋಗ್ರಾಮರುಗಳಿಗೆ ಅದರ ಹೆಸರು ಕೂಡ ಮೊದಲು ಗೊತ್ತಿರಲಿಲ್ಲ. ಆದರೆ ಪಠ್ಯಪುಸ್ತಕ ಆಗಲೇ ಸಿದ್ಧ! ಅದೇ ದಿನ, ಪುಕ್ಕಟೆಯಾಗಿ. ಕೂಸು ಮತ್ತು ಕುಲಾವಿ ಒಟ್ಟಿಗೇ ಬಂದವು!

ಆಂಡ್ರಾಯ್ಡ್ ಆ್ಯಪ್‌ಗಳ ಕೋಟ್ಲಿನ್ ಭಾಷೆಗೆ ಹೆಸರು ಬಂದದ್ದು ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್ ಬಳಿಯ ಒಂದು ದ್ವೀಪದಿಂದ. ಅದಕ್ಕೂ ಮೊದಲಿದ್ದದ್ದು ಜಾವಾ. ಅದೂ ದ್ವೀಪದ ಹೆಸರೇ!

ಈಗ ಒಂದು ಸಣ್ಣ ಪರೀಕ್ಷೆ. ‘ಕನ್ನಡ’ ಅನ್ನುವಲ್ಲಿ ಎಷ್ಟು ಅಕ್ಷರ? ಒಂದನೇ ತರಗತಿ ಮಗುವೂ ಮೂರು ಎನ್ನುತ್ತದೆ. ಕೋಟ್ಲಿನ್ ಭಾಷೆಯನ್ನು ಕೇಳಿ, ಐದು ಎನ್ನುತ್ತದೆ! ಕ, ನ, ಒತ್ತು ಮೂಡಿಸುವ ಹಲಂತದ ಗುರುತು, ಇನ್ನೊಂದು ನ, ಡ. ಕಂಪ್ಯೂಟರಿನ ಅಕ್ಷರಪಟ್ಟಿಯಾದ ಯುನಿಕೋಡ್‌ನಲ್ಲಿ ಒತ್ತಕ್ಷರಕ್ಕೆ ಬೇರೆ ಮನೆ ಇಲ್ಲ, ಎರಡು ವ್ಯಂಜನಗಳ ನಡುವೆ ಆ ಗುರುತನ್ನು ಇಟ್ಟು ಕಟ್ಟುತ್ತಾರೆ. ಸ್ವಿಫ್ಟ್ ಭಾಷೆ ಹಲಂತವನ್ನು ಹಿಂದಿನ ಅಕ್ಷರಕ್ಕೆ ಅಂಟಿಸಿ ಕ, ನ್, ನ, ಡ ಎಂದು ನಾಲ್ಕು ಎಣಿಸುತ್ತದೆ. ಯುಟಿಎಫ್-8 ಕಡತದಲ್ಲಿ ಉಳಿಸಿದರೆ? 15 ಬೈಟ್! ಒಂದೇ ಪದ, ನಾಲ್ಕು ಲೆಕ್ಕ. ಕನ್ನಡ ಪದಬಂಧದ ಆ್ಯಪ್ ಮಾಡಲು ಹೊರಟವರು ಒಂದು ಮನೆಗೆ ಒಂದು ಅಕ್ಷರ ಕೂರಿಸಲು ಹೋಗಿ ತಲೆ ಕೆರೆದುಕೊಳ್ಳುವುದು ಇಲ್ಲೇ.

ಪುಸ್ತಕ ನೋಡಿಕೊಂಡು ಅಕ್ಷರಶಃ ಹಾಗೇ ಟೈಪ್ ಮಾಡಿದಿರಿ. ಆ್ಯಪ್ ಓಡಿತು. ಪ್ಲೇ ಸ್ಟೋರಿಗೆ ಹಾಕಲು ಹೋದರೆ, ಊಹೂಂ! ಪಾಠಗಳಲ್ಲಿ ಆ್ಯಪಿನ ಒಳಹೆಸರು ಸಾಮಾನ್ಯವಾಗಿ ‘ಕಾಮ್ ಡಾಟ್ ಎಕ್ಸಾಂಪಲ್’ ಅಂತ ಶುರುವಾಗುತ್ತದೆ. ಆ ಹೆಸರನ್ನು ಪ್ಲೇ ಸ್ಟೋರ್ ಒಪ್ಪುವುದೇ ಇಲ್ಲ. ತಮಾಷೆಯೆಂದರೆ ‘ಎಕ್ಸಾಂಪಲ್ ಡಾಟ್ ಕಾಮ್’ ಎಂಬ ವಿಳಾಸವನ್ನು ಯಾರೂ ಕೊಳ್ಳುವಂತಿಲ್ಲ. ಪಾಠ, ಪುಸ್ತಕಗಳಲ್ಲಿ ಉದಾಹರಣೆ ಕೊಡುವುದಕ್ಕೆಂದೇ 1999ರಲ್ಲಿ ಅದನ್ನು ಎತ್ತಿಟ್ಟಿದ್ದಾರೆ!

ಆ್ಯಪ್ ಅಂಗಡಿಗೆ ಕಾಲಿಡುವ ಕಾಣಿಕೆ ಗೂಗಲ್‌ನಲ್ಲಿ 25 ಡಾಲರ್, ಒಂದೇ ಸಲ. ಆ್ಯಪಲ್‌ನಲ್ಲಿ 99 ಡಾಲರ್, ಪ್ರತಿ ವರ್ಷ! ಪ್ಲೇ ಸ್ಟೋರಿನಲ್ಲಿ ಈಗ ಹೊಸಬರು ಸ್ವಂತ ಹೆಸರಿನಲ್ಲಿ ಖಾತೆ ತೆರೆದರೆ ಇನ್ನೊಂದು ಕಟ್ಟಳೆ ಇದೆ. ಕನಿಷ್ಠ 12 ಜನರ ಕೈಯಲ್ಲಿ 14 ದಿನ ಬಿಡದೆ ಆ್ಯಪನ್ನು ಪರೀಕ್ಷೆ ಮಾಡಿಸಬೇಕು. ಭಾವಮೈದುನ, ಚಿಕ್ಕಮ್ಮನ ಮಗ, ಹಳೇ ಸಹಪಾಠಿ ಎಲ್ಲರೂ ಆಗ ನೆನಪಾಗುತ್ತಾರೆ!

ಬೆಂಗಳೂರಿಗೂ ಇಲ್ಲೊಂದು ಪಾತ್ರ ಇದೆ. ಆ್ಯಪ್ ಕಟ್ಟುವವರಿಗೆ ಕೈಹಿಡಿದು ಹೇಳಿಕೊಡುವ ಕೇಂದ್ರವನ್ನು 2017ರಲ್ಲಿ ಆ್ಯಪಲ್ ತೆರೆದದ್ದು ನಮ್ಮ ಈ ಊರಿನಲ್ಲೇ.

ಏನೂ ಮಾಡದ ಆ್ಯಪಿಗೆ ಎಷ್ಟು ಬೆಲೆ ಕಟ್ಟಬಹುದು? 2008ರ ಆಗಸ್ಟ್‌ನಲ್ಲಿ ‘ಐ ಆ್ಯಮ್ ರಿಚ್’ ಎಂಬ ಆ್ಯಪ್ ಬಂತು. ತೆರೆದರೆ ಹೊಳೆಯುವ ಒಂದು ಕೆಂಪು ಹರಳು, ಅಷ್ಟೇ. ಬೆಲೆ 999.99 ಡಾಲರ್! ಆಗಿನ ನಮ್ಮ ದುಡ್ಡಿನಲ್ಲಿ 40 ಸಾವಿರ ರೂಪಾಯಿಗೂ ಮೇಲೆ. ಒಂದೇ ದಿನದಲ್ಲಿ ಆ್ಯಪಲ್ ಕಿತ್ತುಹಾಕಿತು. ಅಷ್ಟರಲ್ಲೇ ಎಂಟು ಜನ ಕೊಂಡಿದ್ದರು!

ವಯಸ್ಸಾಯಿತು, ಇನ್ನೇನು ಕಲಿಯೋದು ಎನ್ನುವವರಿಗೆ ಜಪಾನಿನ ಮಸಾಕೊ ವಕಾಮಿಯಾ ಅಜ್ಜಿಯ ಸುದ್ದಿ ಹೇಳಿ. ಬ್ಯಾಂಕಿನಲ್ಲಿ ದುಡಿದು ನಿವೃತ್ತರಾದವರು. ವಯಸ್ಸಾದವರು ಗೆಲ್ಲಬಹುದಾದ ಆಟವೇ ಫೋನಿನಲ್ಲಿಲ್ಲ ಎಂದು ಅವರಿಗೆ ಅನ್ನಿಸಿತು. ಸರಿ, ತಾವೇ ಸ್ವಿಫ್ಟ್ ಕಲಿತು ‘ಹಿನಾದಾನ್’ ಎಂಬ ಆ್ಯಪ್ ಮಾಡಿದರು. ಆಗ ಅವರಿಗೆ 81 ವರ್ಷ! ಆಟ ಏನಂತೀರಿ? ನಮ್ಮ ದಸರಾ ಗೊಂಬೆಗಳ ಹಾಗೆ ಮೆಟ್ಟಿಲ ಮೇಲೆ ಗೊಂಬೆ ಜೋಡಿಸುವ ಹಬ್ಬವೊಂದು ಜಪಾನಿನಲ್ಲಿದೆ. ರಾಜ, ರಾಣಿ, ಪರಿವಾರ, ಯಾರು ಯಾವ ಮೆಟ್ಟಿಲಿನಲ್ಲಿ ಕೂರಬೇಕೋ ಅಲ್ಲೇ ಕೂರಿಸಬೇಕು. 2017ರಲ್ಲಿ ಆ್ಯಪಲ್ ತನ್ನ ವಾರ್ಷಿಕ ಸಮಾವೇಶಕ್ಕೆ ಅಜ್ಜಿಯನ್ನು ಕರೆಸಿಕೊಂಡಿತು. ಅಷ್ಟೂ ಪ್ರೋಗ್ರಾಮರುಗಳಲ್ಲಿ ಹಿರಿಯರು ಅವರೇ!

ಪುಸ್ತಕದಲ್ಲಿ ತಪ್ಪು ಹುಡುಕಿದರೆ ದುಡ್ಡು ಸಿಗುತ್ತದೆಂದರೆ? ಕಂಪ್ಯೂಟರ್ ಪಂಡಿತ ಡೊನಾಲ್ಡ್ ಕನುತ್ ತಮ್ಮ ಪುಸ್ತಕದ ಪ್ರತಿ ತಪ್ಪಿಗೂ 2.56 ಡಾಲರ್ ಚೆಕ್ ಕಳಿಸುತ್ತಿದ್ದರು. ಸಿಕ್ಕವರು ಬ್ಯಾಂಕಿಗೆ ಹಾಕುತ್ತಿದ್ದರೇ? ಬಹಳ ಮಂದಿ ಕಟ್ಟು ಹಾಕಿಸಿ ಗೋಡೆಗೆ ನೇತುಹಾಕಿಕೊಂಡರು!

ಕೊನೆಗೆ, ಪುಸ್ತಕದ ಹಂಗೇ ಇಲ್ಲದೆ ಒಂದು ನಿಮಿಷದಲ್ಲಿ ಡೆವಲಪರ್ ಆಗುವ ಉಪಾಯ. ಆಂಡ್ರಾಯ್ಡ್ ಫೋನ್ ಇದ್ದರೆ ಸೆಟ್ಟಿಂಗ್ಸ್ ತೆರೆಯಿರಿ. ಫೋನಿನ ಮಾಹಿತಿ ಇರುವ ಕಡೆ ‘ಬಿಲ್ಡ್ ನಂಬರ್’ ಎಂಬ ಸಾಲನ್ನು ಹುಡುಕಿ. ಕೆಲವು ಕಂಪನಿಗಳು ಅದನ್ನು ಇನ್ನೂ ಒಂದು ಪುಟ ಒಳಗೆ ಬಚ್ಚಿಟ್ಟಿರುತ್ತವೆ. ಸಿಕ್ಕಿತೇ? ಬೆರಳಿನಿಂದ ತಟ್ಟಿ. ತಟ್ಟುತ್ತಲೇ ಇರಿ. ಡೆವಲಪರ್ ಆಗಲು ಇನ್ನು ಮೂರೇ ಹೆಜ್ಜೆ ಎಂದು ಫೋನು ಹುರಿದುಂಬಿಸುತ್ತದೆ. ಏಳನೇ ಸಲಕ್ಕೆ, ನೀವೀಗ ಡೆವಲಪರ್ ಎಂದು ಘೋಷಿಸುತ್ತದೆ! ಅಲ್ಲಿಯವರೆಗೆ ಅಡಗಿ ಕೂತಿದ್ದ ಒಂದು ಹೊಸ ಪಟ್ಟಿಯೇ ತೆರೆದುಕೊಳ್ಳುತ್ತದೆ. ಗೊತ್ತಿಲ್ಲದ ಗುಂಡಿಗಳನ್ನು ಮಾತ್ರ ಮುಟ್ಟಬೇಡಿ. ಅಷ್ಟಕ್ಕೂ ಸುಮ್ಮನಿರದೆ ಎಂಟನೇ ಸಲ ತಟ್ಟಿದರೆ? ಬೇಕಿಲ್ಲ, ನೀವು ಆಗಲೇ ಡೆವಲಪರ್ ಎಂದು ಫೋನೇ ನಿಮ್ಮನ್ನು ಸುಮ್ಮನಾಗಿಸುತ್ತದೆ!