ಸಾತನೂರು ಸೀಮೆಯ ದೇವಕರೆ

ಕನಕಪುರ ದಾಟಿ ಮಳವಳ್ಳಿ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಸಿಗುವ ಹೋಬಳಿ ಕೇಂದ್ರ ಸಾತನೂರು. ಕಬ್ಬಾಳಮ್ಮನ ದರ್ಶನಕ್ಕೆ ಹೊರಟವರು ಟೀ ಕುಡಿಯಲು ಇಳಿಯುವ ಊರು ಇದು. ರಾಜಕೀಯ ಬಲ್ಲವರಿಗೆ ಇದು 1985ರಲ್ಲಿ ಎಚ್.ಡಿ. ದೇವೇಗೌಡರು ಗೆದ್ದ, 1989ರಿಂದ ಡಿ.ಕೆ. ಶಿವಕುಮಾರ್ ಬೇರೂರಿದ, 2008ರ ಮರುವಿಂಗಡಣೆಯಲ್ಲಿ ಇಲ್ಲವಾದ ವಿಧಾನಸಭಾ ಕ್ಷೇತ್ರ. ರಾಗಿ ಹೊಲ, ಹಿಪ್ಪುನೇರಳೆ ತೋಟ, ಬಂಡೆಗಳೇ ಎದ್ದು ನಿಂತಂತಿರುವ ಬೆಟ್ಟಗಳು, ಕಾವೇರಿ ಕಾಡಿನ ಕಡೆಯಿಂದ ಬಂದು ಬೆಳೆ ತುಳಿಯುವ ಆನೆಗಳು ಇಲ್ಲಿನ ನಿತ್ಯದ ಮಾತು. ಜಿಲ್ಲೆಯ ಹೆಸರು 2007ರಲ್ಲಿ ರಾಮನಗರವಾಯಿತು, 2025ರಲ್ಲಿ ಬೆಂಗಳೂರು ದಕ್ಷಿಣವಾಯಿತು. ಹೊಲದ ಕೆಲಸ ಮಾತ್ರ ಬದಲಾಗಲಿಲ್ಲ.

ಈ ಸೀಮೆಯ ಇನ್ನೊಂದು ಗುರುತು ಹೊರಗಿನವರಿಗೆ ಅಷ್ಟಾಗಿ ತಿಳಿದಿಲ್ಲ. ಇಲ್ಲಿನ ಕೆಲವು ಹಳ್ಳಿಗಳಲ್ಲಿ ತಲೆತಲಾಂತರದಿಂದ ಕಥೋಲಿಕ ಒಕ್ಕಲು ಮಕ್ಕಳಿದ್ದಾರೆ. ಅವರ ಮನೆಗಳಿಂದ ಒಬ್ಬೊಬ್ಬ ಹುಡುಗ ಗುರುಮಠದ ಹಾದಿ ಹಿಡಿದು, ಗುರುವಾಗಬೇಕೋ ಬೇಡವೋ ಎಂದು ವರ್ಷಗಟ್ಟಲೆ ತನ್ನನ್ನೇ ಕೇಳಿಕೊಳ್ಳುತ್ತ ಬಂದಿದ್ದಾನೆ.

ಅಂಥ ಊರುಗಳಲ್ಲಿ ಹೆಸರಾದದ್ದು ಅರ್ಕಾವತಿ ದಡದ ಹಾರೋಬೆಲೆ. ಹಾರೋಬೆಲೆ ಎಂದರೆ ಹೆಚ್ಚಿನವರಿಗೆ ಜಲಾಶಯ ನೆನಪಾಗುತ್ತದೆ. ನಂದಿಬೆಟ್ಟದಲ್ಲಿ ಹುಟ್ಟಿದ ಅರ್ಕಾವತಿ, ವೃಷಭಾವತಿ ತಂದು ಸುರಿದ ಬೆಂಗಳೂರಿನ ಕೊಳೆಯನ್ನೂ ಹೊತ್ತುಕೊಂಡು, ಸಂಗಮದಲ್ಲಿ ಕಾವೇರಿ ಸೇರುವ ಮುನ್ನ ಇಲ್ಲಿ ತಂಗುತ್ತದೆ. ಊರಿನ ಬಹುಪಾಲು ಮನೆಗಳು ಕಥೋಲಿಕರವು. ಮುದ್ದೆ, ಸೊಪ್ಪಿನ ಸಾರು, ರೇಷ್ಮೆ ಹುಳುವಿಗೆ ಸೊಪ್ಪು ಹಾಕುವ ಗಡಿಬಿಡಿ, ಗೂಡಿನ ದರ ಬಿದ್ದಾಗಿನ ಚಿಂತೆ ಎಲ್ಲವೂ ಪಕ್ಕದ ಊರಿನವರದ್ದೇ. ಈ ಭಾಗದ ಕನ್ನಡ ಕ್ರೈಸ್ತರಲ್ಲಿ ಚೌರಪ್ಪ, ಇನ್ನಾಸಪ್ಪ, ರಾಯಪ್ಪ, ಅಂತೋಣಪ್ಪ, ಲೂರ್ದಮ್ಮ ಎಂಬ ಹೆಸರುಗಳು ಮನೆಮನೆಯಲ್ಲೂ ಸಿಗುತ್ತವೆ. ಸಂಜೆ ಜಪಸರ ಹಿಡಿದು ಕೂರುವ ಅಜ್ಜಿ ಇರುವ ಮನೆಯಲ್ಲಿ ಮೊಮ್ಮಕ್ಕಳಿಗೆ ಧರ್ಮೋಪದೇಶ ಓದಿಗಿಂತ ಮೊದಲು ಕಿವಿಯಿಂದಲೇ ಆಗಿಬಿಡುತ್ತದೆ.

ಇವರು ನಿನ್ನೆ ಮೊನ್ನೆ ಬಂದವರಲ್ಲ. 1648ರ ಸುಮಾರಿಗೆ, ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ, ಇಟಲಿಯ ಯೇಸುಸಭೆಯ ಗುರು ಲಿಯೊನಾರ್ಡೊ ಚಿನ್ನಮಿ ಶ್ರೀರಂಗಪಟ್ಟಣಕ್ಕೆ ಬಂದರು. ಮೈಸೂರು ಮಿಶನ್ನಿನ ಆರಂಭ ಅದು. ಮದುರೆಯಲ್ಲಿ ರಾಬರ್ಟ್ ಡಿ ನೊಬಿಲಿ ಹಾಕಿಕೊಟ್ಟ ದಾರಿಯಲ್ಲೇ ಈ ಗುರುಗಳೂ ಸನ್ಯಾಸಿಗಳ ಹಾಗೆ ಕಾವಿ ತೊಟ್ಟರು, ಮಾಂಸ ಬಿಟ್ಟರು, ನೆಲದ ಭಾಷೆ ಕಲಿತರು. ಚಿನ್ನಮಿ ಕನ್ನಡ ವ್ಯಾಕರಣ, ನಿಘಂಟು, ಧರ್ಮೋಪದೇಶದ ಪುಸ್ತಕಗಳನ್ನು ಸಿದ್ಧಪಡಿಸಿದರು. ತಮ್ಮ ವಿಶ್ವಾಸವನ್ನು ಸಮರ್ಥಿಸುವ ಬರಹಗಳೂ ಅವುಗಳಲ್ಲಿದ್ದವು. ಕಿಟ್ಟೆಲರ ನಿಘಂಟು 1894ರಲ್ಲಿ ಅಚ್ಚಾಗುವುದಕ್ಕೆ ಎರಡು ಶತಮಾನಕ್ಕೂ ಹಿಂದಿನ ಮಾತು ಇದು. ಕಥೋಲಿಕ ವಿಶ್ವಾಸದ ಪರವಾದ ವಾದ ಈ ನಾಡಿನಲ್ಲಿ ಶುರುವಾದದ್ದೇ ಕನ್ನಡದಲ್ಲಿ ಎಂಬುದನ್ನು ನಾವು ಕನ್ನಡಿಗರು ಇನ್ನಷ್ಟು ಹೆಮ್ಮೆಯಿಂದ ಹೇಳಿಕೊಳ್ಳಬಹುದಿತ್ತು.

1773ರಲ್ಲಿ ಪೋಪ್ ಹದಿನಾಲ್ಕನೆಯ ಕ್ಲೆಮೆಂಟ್ ಯೇಸುಸಭೆಯನ್ನೇ ವಿಸರ್ಜಿಸಿದರು. ಹಳ್ಳಿಗಳಿಗೆ ಬರುತ್ತಿದ್ದ ಗುರುಗಳು ವಿರಳವಾದರು. ಮುಂದೆ ಪ್ಯಾರಿಸ್ಸಿನ ಮಿಶನರಿಗಳು ಈ ಹೊಣೆ ಹೊತ್ತರು. 1799ರ ನಂತರ ಮೈಸೂರು ಸೀಮೆಯಲ್ಲಿ ಓಡಾಡಿದ ಅಬ್ಬೆ ದ್ಯುಬುವಾ ಅವರಲ್ಲೊಬ್ಬರು. ಅವರು 1823ರಲ್ಲಿ ಯೂರೋಪಿಗೆ ಮರಳಿದ್ದು ನಿರಾಶರಾಗಿ. ಹಿಂದೂಗಳನ್ನು ಕ್ರೈಸ್ತರನ್ನಾಗಿಸುವುದು ಆಗದ ಕೆಲಸ ಎಂದೇ ಪತ್ರಗಳನ್ನು ಬರೆದು ಪ್ರಕಟಿಸಿದರು. ಆದರೂ ಅಲ್ಲೊಂದು ಇಲ್ಲೊಂದು ಹಳ್ಳಿ ಉಳಿದುಕೊಂಡಿತು. ಗುರುಗಳಿಲ್ಲದ ಕಾಲದಲ್ಲಿ ವಿಶ್ವಾಸ ಕಾಪಾಡಿದವರು ಊರಿನ ಉಪದೇಶಿಗಳು, ಮಂತ್ರ ಮರೆಯದ ಹೆಂಗಸರು. ಆಮಿಷವೋ ಬಲವಂತವೋ ಇದ್ದಿದ್ದರೆ ಕೊಡುವವರು ಮರೆಯಾದ ದಿನವೇ ಎಲ್ಲ ಮುಗಿದುಹೋಗಬೇಕಿತ್ತು ಎನ್ನುವುದು ನನ್ನ ದೃಢ ನಂಬಿಕೆ.

ಹಾರೋಬೆಲೆಯ ಪಕ್ಕದ ಕಪಾಲ ಬೆಟ್ಟಕ್ಕೆ ಬರೋಣ. ತಪಸ್ಸುಕಾಲದಲ್ಲಿ ಜನ ಶಿಲುಬೆಹಾದಿ ಹೇಳಿಕೊಳ್ಳುತ್ತ ಹತ್ತುವ ಬೆಟ್ಟ ಅದು. ಪವಿತ್ರವಾರದಲ್ಲಿ ಇಲ್ಲಿ ನಡೆಯುವ ಯೇಸುವಿನ ಪಾಡುಗಳ ನಾಟಕಕ್ಕೆ ನೂರು ವರ್ಷ ಮೀರಿದ ಇತಿಹಾಸವಿದೆ. ಊರಿನವರೇ ಪಾತ್ರಧಾರಿಗಳು, ಸುತ್ತಲ ಹಳ್ಳಿಗಳವರೂ ಪ್ರೇಕ್ಷಕರು. ಮೂಡಲಪಾಯದ ನಾಡಿನಲ್ಲಿ ನಾಟಕ ನೋಡುವುದು ಯಾರಿಗೂ ಹೊಸದಲ್ಲ. ಹೊಲದಲ್ಲಿ ಜೊತೆಗೆ ಕಳೆ ಕಿತ್ತವನು ಅಂದು ಪಿಲಾತನಾಗಿ ಕೈ ತೊಳೆಯುತ್ತಾನೆ.

ಗುರುವಾಗುವ ಯೋಚನೆ ಮೊಳೆತ ಹುಡುಗನಿಗೆ ಈ ನಾಟಕದಲ್ಲಿ ಪೇತ್ರನ ಪಾತ್ರದಷ್ಟು ಹತ್ತಿರದ್ದು ಬೇರೊಂದಿಲ್ಲ. ಗೆತ್ಸೆಮನೆ ತೋಪಿನಲ್ಲಿ ಯೇಸುವನ್ನು ಹಿಡಿಯಲು ಬಂದಾಗ ಪೇತ್ರ ಕತ್ತಿ ಹಿರಿದು ಪ್ರಧಾನ ಯಾಜಕನ ಆಳಿನ ಕಿವಿ ಕತ್ತರಿಸುತ್ತಾನೆ. ಯೇಸು ಕತ್ತಿಯನ್ನು ಒರೆಗೆ ಸೇರಿಸು ಎನ್ನುತ್ತಾರೆ, ಆಳಿನ ಕಿವಿ ವಾಸಿಮಾಡುತ್ತಾರೆ. ಕೆಲವೇ ಗಂಟೆಗಳ ಮೇಲೆ ಅದೇ ಪೇತ್ರ ಬೆಂಕಿ ಕಾಯಿಸಿಕೊಳ್ಳುತ್ತ ಕೂತಲ್ಲಿ, ಕೆಲಸದ ಹೆಂಗಸೊಬ್ಬಳು ಕೇಳಿದ ಪ್ರಶ್ನೆಗೆ ಹೆದರಿ, ಆತ ಯಾರೋ ನನಗೆ ಗೊತ್ತಿಲ್ಲ ಎಂದುಬಿಡುತ್ತಾನೆ. ಬಯ್ದು ಬಡಿದು ವಿಶ್ವಾಸ ಕಾಯಲು ಹೋಗುವುದು, ಬಾಯಿ ಮುಚ್ಚಿಕೊಂಡು ಜಾರಿಕೊಳ್ಳುವುದು, ಎರಡೂ ಸೋಲೇ ಎಂದು ಊರ ಮಕ್ಕಳು ಹಾಡು ಮಾತುಗಳ ನಡುವೆ ಕಲಿಯುತ್ತಾರೆ. ಅದೇ ಪೇತ್ರ ಮುಂದೆ ತನ್ನ ಮೊದಲ ಪತ್ರದಲ್ಲಿ, ನಿಮ್ಮ ಭರವಸೆಗೆ ಕಾರಣ ಕೇಳಿದವರಿಗೆ ಉತ್ತರ ಕೊಡಲು ಸಿದ್ಧರಿರಿ, ಆದರೆ ಮೃದುವಾಗಿ, ಗೌರವದಿಂದ ಕೊಡಿ ಎಂಬ ಅರ್ಥದ ಬುದ್ಧಿ ಹೇಳುತ್ತಾನೆ. ಕತ್ತಿ ಬೀಸಿಯೂ ಬೊಂಕಿಯೂ ನೋಡಿದವನ ಮಾತಾದ್ದರಿಂದ ಅದಕ್ಕೆ ತೂಕ ಹೆಚ್ಚು.

ಆ ಬುದ್ಧಿಮಾತು ಈ ಊರಿಗೆ ನಿಜಕ್ಕೂ ಬೇಕಾಗಿ ಬಂದದ್ದು 2019ರ ಕ್ರಿಸ್ಮಸ್ ದಿನದಿಂದ. ಕಪಾಲ ಬೆಟ್ಟದ ಮೇಲೆ 114 ಅಡಿ ಎತ್ತರದ ಯೇಸು ಪ್ರತಿಮೆಗೆ ಡಿಸೆಂಬರ್ 25ರಂದು ಶಂಕುಸ್ಥಾಪನೆ ನಡೆಯಿತು. ಶಾಸಕರಾಗಿದ್ದ ಡಿ.ಕೆ. ಶಿವಕುಮಾರ್ 10 ಎಕರೆ ಜಮೀನಿನ ಪತ್ರವನ್ನು ಸ್ಥಳೀಯ ಟ್ರಸ್ಟಿಗೆ ಕೊಟ್ಟರು. ಮರುದಿನದಿಂದಲೇ ವಿವಾದ. ಬೆಟ್ಟ ಮುನೇಶ್ವರನದು ಎಂದರು ವಿರೋಧಿಸಿದವರು. 2020ರ ಜನವರಿ 13ರಂದು ‘ಕನಕಪುರ ಚಲೋ’ ನಡೆಯಿತು. ಕಲ್ಲಡ್ಕ ಪ್ರಭಾಕರ ಭಟ್ಟರು ಮಾತನಾಡಿದರು, ಪೇಟೆ ತುಂಬ ಪೊಲೀಸರಿದ್ದರು. ವಿಷಯ ಹೈಕೋರ್ಟಿಗೂ ಹೋಯಿತು. ಆ ವಾರಗಳಲ್ಲಿ ಟಿ.ವಿ. ಚರ್ಚೆಗಳಲ್ಲಿ ಹಾರೋಬೆಲೆಯವರ ಬಗ್ಗೆ ಎಲ್ಲರೂ ಮಾತನಾಡಿದರು, ಹಾರೋಬೆಲೆಯವರಿಗೆ ಮಾತ್ರ ಮಾತಾಡಲು ಸಿಕ್ಕ ಜಾಗ ಅತ್ಯಲ್ಪ. ಪ್ರತಿಮೆ ಬೇಕಿತ್ತೇ, ಅಷ್ಟು ಎತ್ತರ ಬೇಕಿತ್ತೇ, ಜಮೀನು ಕೊಟ್ಟ ಕ್ರಮ ಸರಿಯೇ ಎಂಬ ಪ್ರಶ್ನೆಗಳನ್ನು ಕಥೋಲಿಕರೂ ಕೇಳಬಹುದು, ಕೇಳಿದರೆ ವಿಶ್ವಾಸಕ್ಕೆ ಭಂಗವೇನಿಲ್ಲ. ತಾವು ಉತ್ತು ಬಿತ್ತಿದ ನೆಲದಲ್ಲಿ ತಮ್ಮನ್ನು ಹೊರಗಿನವರು ಎಂದ ಮಾತಿಗೆ ಮಾತ್ರ ಯಾವ ಆಧಾರವೂ ಇಲ್ಲ.

2020ರ ಮಾರ್ಚ್‌ನಲ್ಲಿ ದೇವನಹಳ್ಳಿ ಬಳಿಯ ದೊಡ್ಡಸಾಗರಹಳ್ಳಿಯ ಬೆಟ್ಟದಿಂದ ಯೇಸುವಿನ ಪ್ರತಿಮೆಯೊಂದನ್ನು ತೆಗೆಸಲಾಯಿತು. 2022ರಲ್ಲಿ ರಾಜ್ಯದ ಮತಾಂತರ ನಿಷೇಧ ಕಾಯ್ದೆ ಬಂತು. ಬೆಂಗಳೂರಿನ ಮಹಾಧರ್ಮಾಧ್ಯಕ್ಷ ಪೀಟರ್ ಮಚಾದೊ ಅದನ್ನು ಬಹಿರಂಗವಾಗಿ ವಿರೋಧಿಸಿದರು. 2023ರ ಜೂನ್‌ನಲ್ಲಿ ಹೊಸ ಸರ್ಕಾರದ ಸಚಿವ ಸಂಪುಟ ಕಾಯ್ದೆಯನ್ನು ಹಿಂಪಡೆಯುವ ತೀರ್ಮಾನ ಮಾಡಿತು. 2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ ಕ್ರೈಸ್ತರು ಶೇ 1.87. ಈ ವರ್ಷಗಳಲ್ಲಿ ಕಾಲೇಜಿಗೆ ಹೋದ ಕಥೋಲಿಕ ಹುಡುಗನ ಮುಂದೆ ಗೆಳೆಯರು ಇಟ್ಟ ಪ್ರಶ್ನೆಗಳು ಅವನ ಅಪ್ಪನಿಗೆ ಎದುರಾಗಿರಲಿಲ್ಲ. ನಿಮ್ಮವರು ದುಡ್ಡು ಕೊಟ್ಟು ಸೇರಿಸ್ತಾರಂತೆ, ಹೌದಾ? ನಿಮ್ಮ ತಾತನ ತಾತ ಏನಾಗಿದ್ದ? ಮರಿಯಮ್ಮನನ್ನ ನೀವೂ ಪೂಜೆ ಮಾಡ್ತೀರಲ್ಲ, ಮತ್ತೆ ವಿಗ್ರಹ ಬೇಡ ಅಂತೀರಿ? ಕೊನೆಯ ಪ್ರಶ್ನೆಯನ್ನು ಪೆಂಟೆಕೋಸ್ತಲ್ ಸಭೆಗಳಿಗೆ ಹೋಗುವ ಗೆಳೆಯರೂ ಕೇಳುತ್ತಾರೆ.

ಬಲವಂತದ ಆರೋಪಕ್ಕೆ ಕಥೋಲಿಕ ಹುಡುಗನ ಕೈಯಲ್ಲಿ ಗಟ್ಟಿಯಾದ ಉತ್ತರವಿದೆ, ನಮ್ಮ ಧರ್ಮೋಪದೇಶದ ತರಗತಿಗಳು ಅದನ್ನು ಸಾಕಷ್ಟು ಕಲಿಸುತ್ತಿಲ್ಲ. ಎರಡನೆಯ ವ್ಯಾಟಿಕನ್ ಮಹಾಸಭೆ 1965ರ ಡಿಸೆಂಬರ್ 7ರಂದು ಹೊರಡಿಸಿದ ಘೋಷಣೆ ಧಾರ್ಮಿಕ ಸ್ವಾತಂತ್ರ್ಯವನ್ನು ಮನುಷ್ಯನ ಘನತೆಯ ಮೇಲೇ ನಿಲ್ಲಿಸಿತು. 1983ರ ಧರ್ಮಸಭಾ ಕಾನೂನಿನ 748ನೆಯ ನಿಯಮ, ಯಾರನ್ನೂ ಅವರ ಮನಸ್ಸಾಕ್ಷಿಗೆ ವಿರುದ್ಧವಾಗಿ ಕಥೋಲಿಕ ವಿಶ್ವಾಸಕ್ಕೆ ಒತ್ತಾಯಿಸುವ ಹಕ್ಕು ಯಾರಿಗೂ ಇಲ್ಲವೆನ್ನುತ್ತದೆ. ಅದೇ ಕಾನೂನಿನ 1026ನೆಯ ನಿಯಮ ಗುರುದೀಕ್ಷೆಗೂ ಇದನ್ನೇ ಅನ್ವಯಿಸುತ್ತದೆ. ಯಾರನ್ನಾದರೂ ಬಲವಂತದಿಂದ ಗುರುಪಟ್ಟಕ್ಕೆ ತಳ್ಳುವುದು ಅಪರಾಧ, ಯೋಗ್ಯನಾದವನನ್ನು ತಡೆಯುವುದೂ ತಪ್ಪು. ದೀಕ್ಷೆಗೆ ಮೊದಲು ಅಭ್ಯರ್ಥಿ ತನ್ನ ಕೈಯಾರೆ ಬರೆದು ಸಹಿ ಹಾಕಿ ಕೊಡಬೇಕು: ನಾನಾಗಿಯೇ, ನನ್ನ ಇಚ್ಛೆಯಿಂದ ಬಂದಿದ್ದೇನೆ ಎಂದು.

ಹಾಗಾಗಿ ಗೆಳೆಯರ ಪ್ರಶ್ನೆಗೂ ಹುಡುಗನ ಒಳಗಿನ ಪ್ರಶ್ನೆಗೂ ಬೇರು ಒಂದೇ. ಹೊರಗಿನವರಿಗೆ ನಮ್ಮಲ್ಲಿ ಬಲವಂತವಿಲ್ಲ ಎನ್ನುವ ಊರು, ತನ್ನ ಮಗನ ವಿಷಯದಲ್ಲೂ ಆ ಮಾತು ಉಳಿಸಿಕೊಳ್ಳಬೇಕು.

ಇದು ಹೇಳಿದಷ್ಟು ಸುಲಭವಲ್ಲ. ಹಾರೋಬೆಲೆಯಂಥ ಊರಿನಿಂದ ಗುರುಗಳೂ ಕನ್ಯಾಸ್ತ್ರೀಯರೂ ಹಲವರು ಹೊರಟಿದ್ದಾರೆ. ಅಂಥ ಕಡೆ ಪೀಠಬಾಲಕನಾಗಿ ಚುರುಕಾಗಿ ಓಡಾಡುವ ಹುಡುಗನನ್ನು ಕಂಡರೆ ‘ಏನಪ್ಪ, ಸ್ವಾಮಿ ಆಗ್ತೀಯಾ?’ ಎಂದು ಕೇಳದೆ ಬಿಡುವವರಿಲ್ಲ. ಪ್ರೀತಿಯಿಂದಲೇ ಕೇಳುತ್ತಾರೆ. ಹತ್ತು ಬಾರಿ ಕೇಳಿಸಿಕೊಂಡ ಮೇಲೆ ಅದು ದೇವರ ಕರೆಯೋ ಊರಿನ ಆಸೆಯೋ ಎಂದು ಬಿಡಿಸುವುದು ಹದಿನಾರರ ಹುಡುಗನಿಗೆ ಕಷ್ಟ. ಮನೆಯಲ್ಲಿ ಬೇರೆ ಲೆಕ್ಕವಿರುತ್ತದೆ. ಈಗಿನ ಮನೆಗಳಲ್ಲಿ ಒಂದೋ ಎರಡೋ ಮಕ್ಕಳು. ಒಬ್ಬನೇ ಮಗ ಹೊರಟರೆ ಹೊಲ ನೋಡುವವರು ಯಾರು, ವಯಸ್ಸಾದಾಗ ಜೊತೆಗಿರುವವರು ಯಾರು? ದೇವರಿಗೆ ಇಲ್ಲ ಎನ್ನಲಾರದೆ, ಮಗನಿಗೆ ಹೂಂ ಎನ್ನಲಾರದೆ ಒಳಗೇ ನೋಯುವ ತಾಯಂದಿರನ್ನು ಸ್ವಾರ್ಥಿಗಳೆನ್ನುವುದು ತಪ್ಪು.

ಹೊರಟವನ ದಾರಿ ಉದ್ದ. ಪಿಯುಸಿ ಆಸುಪಾಸಿನಲ್ಲಿ ಕಿರಿಯ ಗುರುಮಠ, ಆಮೇಲೆ ಪ್ರಾರ್ಥನೆಗೆಂದೇ ಮೀಸಲಾದ ಒಂದು ವರ್ಷ, ತತ್ತ್ವಶಾಸ್ತ್ರ, ನಡುವೆ ಧರ್ಮಕೇಂದ್ರವೊಂದರಲ್ಲಿ ಸೇವೆ, ಬಳಿಕ ದೈವಶಾಸ್ತ್ರ. ಸಾಮಾನ್ಯವಾಗಿ ಹತ್ತು ವರ್ಷ ಹಿಡಿಯುತ್ತದೆ, 25 ತುಂಬದೆ ಗುರುದೀಕ್ಷೆ ಇಲ್ಲ. ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಸಂತ ಪೇತ್ರರ ಗುರುಮಠ ಇಂಥ ತರಬೇತಿಯ ಹಿರಿಯ ಮನೆ. 1778ರಲ್ಲಿ ಪಾಂಡಿಚೇರಿ ಕಡೆ ಹುಟ್ಟಿದ ಆ ಸಂಸ್ಥೆ 1934ರಲ್ಲಿ ಬೆಂಗಳೂರಿಗೆ ಬಂತು. ಅಲ್ಲಿ ಪಾಠ ಇಂಗ್ಲಿಷಿನಲ್ಲಿ. ಕನ್ನಡ ಮಾಧ್ಯಮದ ಹಳ್ಳಿ ಹುಡುಗ ತೋಮಸ್ ಅಕ್ವಿನಾಸರನ್ನು ಅರಗಿಸಿಕೊಳ್ಳುವ ಮೊದಲು ಇಂಗ್ಲಿಷನ್ನು ಅರಗಿಸಿಕೊಳ್ಳಬೇಕು. ಬುದ್ಧಿ ಕಡಿಮೆಯಾಗಿ ಅಲ್ಲ, ಭಾಷೆ ತೊಡರಿ ಹಿಂದೆ ಬಿದ್ದವರಿದ್ದಾರೆ. ತಾನು ಜಪ ಕಲಿತ ಭಾಷೆಯಲ್ಲೇ ದೈವಶಾಸ್ತ್ರ ಚರ್ಚಿಸುವ ಅವಕಾಶ ಅವನಿಗೆ ಹೆಚ್ಚಬೇಕು. ಚಿನ್ನಮಿ ಬರೆದದ್ದು ಕನ್ನಡದಲ್ಲಿ, ನಾಳೆ ಸಾತನೂರಿನ ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರು ಪ್ರಶ್ನೆ ಕೇಳುವುದೂ ಕನ್ನಡದಲ್ಲೇ.

ಆರ್ಸ್ ಊರಿನ ಗುರು ಸಂತ ಜಾನ್ ಮರಿಯ ವಿಯಾನ್ನಿ ಲತೀನ್ ತಲೆಗೆ ಹತ್ತದೆ ಗುರುಮಠದಿಂದ ವಾಪಸಾಗುವ ಸ್ಥಿತಿಗೆ ಬಂದಿದ್ದವರು. ಧರ್ಮಕೇಂದ್ರಗಳ ಗುರುಗಳಿಗೆಲ್ಲ ಇಂದು ಅವರೇ ಪಾಲಕ ಸಂತ. ಈ ಕತೆ ಗುರುಮಠಗಳಲ್ಲಿ ಧೈರ್ಯ ತುಂಬಲು ಮತ್ತೆ ಮತ್ತೆ ಬರುತ್ತದೆ. ಒಳ್ಳೆಯದೇ. ನಾನು ಕೇಳಬೇಕೆನ್ನುವುದು ಇನ್ನೊಂದು ಕತೆ: ಐದಾರು ವರ್ಷ ಓದಿ, ಪ್ರಾರ್ಥಿಸಿ, ಇದು ನನ್ನ ದಾರಿಯಲ್ಲ ಎಂದು ತಿಳಿದು ಮನೆಗೆ ಮರಳಿದವನದು. ಊರಿಗೆ ಅವನು ‘ಗುರುಮಠ ಬಿಟ್ಟು ಬಂದವನು’. ಹೆಣ್ಣು ಕೊಡುವವರು ಕಾರಣ ವಿಚಾರಿಸುತ್ತಾರೆ, ಪೂಜೆಗೆ ಹೋದಾಗ ತಲೆಗಳು ತಿರುಗುತ್ತವೆ. ಹೀಗೆ ಬಂದವರಲ್ಲಿ ಮೇಷ್ಟ್ರಾದವರಿದ್ದಾರೆ, ವಕೀಲರಾದವರಿದ್ದಾರೆ, ಗುಡಿಯ ಗಾನವೃಂದ ನಡೆಸುವವರಿದ್ದಾರೆ. ಬೈಬಲನ್ನೂ ತತ್ತ್ವಶಾಸ್ತ್ರವನ್ನೂ ಓದಿಕೊಂಡು ಊರಲ್ಲೇ ಉಳಿದ ಇವರಿಗಿಂತ ಚೆನ್ನಾಗಿ ಕಾಲೇಜು ಹುಡುಗರ ಪ್ರಶ್ನೆಗಳಿಗೆ ಉತ್ತರಿಸುವವರು ಯಾರಿದ್ದಾರೆ? ಭಾನುವಾರದ ಧರ್ಮೋಪದೇಶವನ್ನು ಅವರಿಗೆ ಒಪ್ಪಿಸಬೇಕು, ಯುವಜನರ ಕೂಟಗಳಿಗೆ ಅವರನ್ನು ಕರೆಯಬೇಕು, ಬಿಟ್ಟು ಬಂದ ಕಾರಣ ಕೆದಕುವುದನ್ನು ನಿಲ್ಲಿಸಬೇಕು. ಬೇಡವೆಂದು ಬಂದವನಿಗೆ ಗೌರವ ಸಿಗುವ ಊರಿನಲ್ಲೇ ಹುಡುಗನೊಬ್ಬ ನಾನಾಗಿಯೇ ಬಂದಿದ್ದೇನೆ ಎಂದು ಕೈ ನಡುಗದೆ ಬರೆಯಬಲ್ಲ.

ಉಳಿದವನ ವಿಚಾರಣೆಯೂ ಊರಿನಲ್ಲೇ ನಡೆಯುತ್ತದೆ. ದೀಕ್ಷೆಗೆ ಮುಂಚೆ ಅವನ ಹೆಸರನ್ನು ಹುಟ್ಟೂರಿನ ಗುಡಿಯಲ್ಲಿ ಮದುವೆಯ ಪ್ರಕಟಣೆಯಂತೆ ಓದುತ್ತಾರೆ, ಅಡ್ಡಿಯೇನಾದರೂ ಗೊತ್ತಿದ್ದವರು ಗುರುಗಳಿಗೆ ತಿಳಿಸಬೇಕು. ದೀಕ್ಷೆಯ ಬಲಿಪೂಜೆಯಲ್ಲಿ ಧರ್ಮಾಧ್ಯಕ್ಷರು ಈತ ಯೋಗ್ಯನೆಂದು ಬಲ್ಲಿರಾ ಎಂದು ಕೇಳುತ್ತಾರೆ. ಜನರನ್ನು ವಿಚಾರಿಸಿದ ಮೇಲೆ, ಹೊಣೆ ಹೊತ್ತವರ ಶಿಫಾರಸಿನಂತೆ ಯೋಗ್ಯನೆಂದು ಕಂಡುಬಂದಿದ್ದಾನೆ ಎಂಬ ಉತ್ತರ ಬರುತ್ತದೆ. ಹಾಗೆ ವಿಚಾರಿಸಲಾದ ಜನರಲ್ಲಿ ಅವನ ಶಾಲೆಯ ಮೇಷ್ಟ್ರಿರಬಹುದು, ಅವನಪ್ಪನ ಜೊತೆ ಗೂಡು ಮಾರಲು ರಾಮನಗರದ ಮಾರುಕಟ್ಟೆಗೆ ಹೋಗುವ ಪಕ್ಕದ ಊರಿನ ರೈತನೂ ಇರಬಹುದು.