ಯಂತ್ರದ ಕೊರಳಲ್ಲಿ ಹತ್ತು ರಾಗ

(ರಾಗ ಯಮನ್ – ಅರ್ಧ ನಿಮಿಷ ಕೇಳಿಸಿ, ಮೆಲ್ಲಗೆ ತಗ್ಗಿಸುವುದು)



ಈಗ ಕೇಳಿದ್ದು ಯಾವ ರಾಗ? ಸೊಲ್ಲಾಪುರ, ಅಕ್ಕಲಕೋಟೆ, ಜತ್ತದ ಕಡೆ ಕುಳಿತವರು ‘ಯಮನ್’ ಎಂದಿರುತ್ತೀರಿ. ಕಾಸರಗೋಡು, ಹೊಸೂರು, ತಾಳವಾಡಿಯ ಕಡೆಯವರು ‘ಕಲ್ಯಾಣಿ ಇದ್ದ ಹಾಗಿದೆಯಲ್ಲ’ ಎಂದಿರಬಹುದು. ಗಡಿಯ ಉದ್ದಕ್ಕೂ ಹರಡಿರುವ ನಮಗೆ ಎರಡೂ ಹೆಸರು ಪರಿಚಿತ. ಆದರೆ ಜೊತೆಗೆ ಇನ್ನೊಂದು ಪ್ರಶ್ನೆಯೂ ಎದ್ದಿರಬೇಕು. ತಂಬೂರಿ ಎಲ್ಲಿ? ತಬಲಾ ಎಲ್ಲಿ? ಡಿಸ್ಕೊ ಹಾಡಿನ ಹಾಗೆ ಧಿಮ್ ಧಿಮ್ ಎಂದು ಬಡಿಯುತ್ತಿರುವುದು ಏನು?

ಬಡಿಯುತ್ತಿರುವುದು ಒಂದು ಯಂತ್ರ. ರಾಗ ನುಡಿಸುತ್ತಿರುವುದು ಇನ್ನೊಂದು ಯಂತ್ರ. ಎರಡರ ನಡುವೆ ಗುಳುಗುಳು ಎಂದು ಕುದಿಯುವಂತೆ ಓಡುತ್ತಿರುವುದು ಮೂರನೆಯದು. ಈ ಮೂರನ್ನೂ ಆಡಿಸಿದವರು ಒಬ್ಬರೇ: ಮುಂಬಯಿಯ ಚರಣ್‌ಜಿತ್ ಸಿಂಗ್. ಧ್ವನಿಮುದ್ರಣವಾದದ್ದು 1982ರಲ್ಲಿ, ಹೊರತಂದದ್ದು ಎಚ್.ಎಂ.ವಿ. ಮುದ್ರೆಯ ಗ್ರಾಮಫೋನ್ ಕಂಪೆನಿ. ರೆಕಾರ್ಡಿನ ಹೆಸರು ‘ಸಿಂಥಸೈಸಿಂಗ್: ಟೆನ್ ರಾಗಾಸ್ ಟು ಎ ಡಿಸ್ಕೊ ಬೀಟ್’, ಎಂದರೆ ಡಿಸ್ಕೊ ಲಯಕ್ಕೆ ಹತ್ತು ರಾಗಗಳು. ಹೆಸರಿನಲ್ಲಿ ಮುಚ್ಚುಮರೆ ಏನೂ ಇಲ್ಲ. ಭೈರವಿ, ಲಲಿತ್, ಭೂಪಾಲಿ, ತೋಡಿ, ಮಧುವಂತಿ, ಮೇಘಮಲ್ಹಾರ್, ಯಮನ್, ಕಲಾವತಿ, ಮಾಲಕಂಸ್, ಬೈರಾಗಿ – ಒಂದೊಂದಕ್ಕೂ ಐದು ನಿಮಿಷದ ಆಸುಪಾಸು.

ಮೊದಲ ಸಲ ಕೇಳಿದಾಗ ನನಗೆ ನಗು ಬಂದದ್ದು ನಿಜ. ಎರಡನೆಯ ಸಲ ನಗು ಬರಲಿಲ್ಲ. ಯಾಕೆ ಬರಲಿಲ್ಲ ಎನ್ನುವುದೇ ಈ ಹೊತ್ತಿನ ಮಾತು.

ಯಂತ್ರದಿಂದ ರಾಗ ಬರುತ್ತದೆಯೇ ಎಂಬ ಜಗಳ ನಮ್ಮ ದೇಶದಲ್ಲಿ ಹೊಸದಲ್ಲ. ಅದರಲ್ಲಿ ರೇಡಿಯೋದ್ದೇ ದೊಡ್ಡ ಪಾತ್ರ. 1940ರಲ್ಲಿ ಆಲ್ ಇಂಡಿಯಾ ರೇಡಿಯೋ ಹಾರ್ಮೋನಿಯಂ ಪೆಟ್ಟಿಗೆಯನ್ನು ತನ್ನ ಸ್ಟುಡಿಯೋಗಳಿಂದ ಹೊರಗಿಟ್ಟಿತು. ಆ ನಿಷೇಧ ಸಡಿಲವಾಗಲು 1971ರವರೆಗೆ ಕಾಯಬೇಕಾಯಿತು. ಊರೂರಿನ ಭಜನಾ ಮಂಡಳಿಗಳಲ್ಲಿ, ಕಂಪೆನಿ ನಾಟಕಗಳಲ್ಲಿ ಪೇಟಿ ಮೆರೆಯುತ್ತಿದ್ದಾಗಲೇ ಬಾನುಲಿಯಲ್ಲಿ ಅದಕ್ಕೆ ಪ್ರವೇಶವಿರಲಿಲ್ಲ. ಕಾರಣ ತೀರ ಹುಸಿಯೂ ಅಲ್ಲ. ಪೇಟಿಯಲ್ಲಿ ಒಂದು ಮನೆಯಿಂದ ಇನ್ನೊಂದು ಮನೆಗೆ ಹಾರಬೇಕು. ನಡುವೆ ಜಾರುವ ದಾರಿ ಇಲ್ಲ. ಹಿಂದೂಸ್ತಾನಿಯವರು ಮೀಂಡ್ ಎನ್ನುವ, ನಮ್ಮ ದಕ್ಷಿಣದವರು ಜಾರು ಎಂದೇ ಕರೆಯುವ ಆ ಸರಿದಾಟ ಇಲ್ಲದಿದ್ದರೆ ಎಷ್ಟೋ ರಾಗಗಳಿಗೆ ಮುಖವೇ ಇರುವುದಿಲ್ಲ. ತೋಡಿಯ ಕೋಮಲ ಗಾಂಧಾರ ಪೇಟಿಯ ಮನೆಗಿಂತ ಕೂದಲೆಳೆಯಷ್ಟು ಕೆಳಗೆ ನಿಲ್ಲುತ್ತದೆ. (ಕರ್ನಾಟಕ ಪದ್ಧತಿಯವರಿಗೆ ಒಂದು ಎಚ್ಚರಿಕೆ: ಇದು ಹಿಂದೂಸ್ತಾನಿ ತೋಡಿ, ನಿಮ್ಮ ಶುಭಪಂತುವರಾಳಿಗೆ ಹತ್ತಿರ. ನಿಮ್ಮ ತೋಡಿಯ ಸ್ವರಗಳು ಅವರ ಭೈರವಿಯಲ್ಲಿ ಸಿಗುತ್ತವೆ. ಹೆಸರು ನಂಬಿ ಹೋದರೆ ದಾರಿ ತಪ್ಪುತ್ತದೆ.)

ಪೇಟಿಯ ನಂತರ ಬಂದದ್ದು ವಿದ್ಯುನ್ಮಾನ ವಾದ್ಯಗಳು. ಬೆಂಗಳೂರಿನ ಜಿ. ರಾಜ್ ನಾರಾಯಣ್ ಅವರು 1979ರಲ್ಲೇ ಎಲೆಕ್ಟ್ರಾನಿಕ್ ತಂಬೂರಿ ಮಾಡಿದರು. ಮುಂದೆ ಅಂಥ ಪೆಟ್ಟಿಗೆಗಳು ಕಚೇರಿ ವೇದಿಕೆಯ ಮೇಲೆ ಸದ್ದಿಲ್ಲದೆ ಕುಳಿತವು. ಸದ್ದಿಲ್ಲದೆ ಎಂದರೆ ಜಗಳವಿಲ್ಲದೆ ಎಂದರ್ಥ! ಷಡ್ಜ ಪಂಚಮ ಹಿಡಿದುಕೊಂಡಿರಲು ಯಂತ್ರವನ್ನು ಒಪ್ಪಿದವರು, ರಾಗವನ್ನೇ ಅದರ ಕೈಗೆ ಕೊಡಲು ಒಪ್ಪಲಿಲ್ಲ.

ಚರಣ್‌ಜಿತ್ ಸಿಂಗ್ ಕೊಟ್ಟರು. ಅವರು ಕಚೇರಿ ಕಲಾವಿದರಲ್ಲ ಎಂಬುದೇ ಅದಕ್ಕೆ ಒದಗಿದ ಧೈರ್ಯವೇನೋ. 1940ರಲ್ಲಿ ಹುಟ್ಟಿದ ಅವರು ಹಿಂದಿ ಚಿತ್ರರಂಗದ ವಾದ್ಯವೃಂದಗಳಲ್ಲಿ ದುಡಿದವರು. ಶಂಕರ್–ಜೈಕಿಶನ್, ಆರ್.ಡಿ. ಬರ್ಮನ್, ಲಕ್ಷ್ಮೀಕಾಂತ್–ಪ್ಯಾರೇಲಾಲ್ ಮೊದಲಾದವರ ಹಾಡುಗಳಿಗೆ ಬಾಸ್ ಗಿಟಾರ್, ವಿದ್ಯುತ್ ಕೀಬೋರ್ಡುಗಳನ್ನು ನುಡಿಸಿದವರು. ಹಾಡು ಗೆದ್ದರೆ ಗಾಯಕರ ಹೆಸರು, ಸಂಗೀತ ನಿರ್ದೇಶಕರ ಹೆಸರು. ಹಿಂದೆ ಕುಳಿತು ನುಡಿಸಿದವರ ಹೆಸರು ರೆಕಾರ್ಡಿನ ಮೇಲೆ ಬರುವುದು ಅಪರೂಪ. ನಾವು ನೀವು ಅವರ ಬೆರಳನ್ನು ನೂರು ಸಲ ಕೇಳಿದ್ದೇವೆ, ಅವರ ಹೆಸರನ್ನು ಕೇಳಿರಲಿಲ್ಲ.

ಆ ಹೊತ್ತು ಡಿಸ್ಕೊ ಹೊತ್ತು. 1980ರ ‘ಕುರ್ಬಾನಿ’ ಚಿತ್ರದಲ್ಲಿ ನಾಜಿಯಾ ಹಸನ್ ಹಾಡಿದ ಹಾಡು ದೇಶವನ್ನೆಲ್ಲ ಕುಣಿಸಿತ್ತು. ಅದಕ್ಕೆ ಸಂಗೀತ ಕೊಟ್ಟ ಬಿದ್ದು ನಮ್ಮ ಬೆಂಗಳೂರಿನಲ್ಲಿ ಹುಟ್ಟಿ ಲಂಡನ್ನಿನಲ್ಲಿ ಹೆಸರು ಮಾಡಿದವರು. 1982ರ ಕೊನೆಗೆ ‘ಡಿಸ್ಕೊ ಡ್ಯಾನ್ಸರ್’ ಬಂತು. ಎಲ್ಲರೂ ಡಿಸ್ಕೊ ಮಾಡುತ್ತಿರುವಾಗ ತಬಲಾ ಬಿಟ್ಟು ಅದೇ ಬಡಿತಕ್ಕೆ ರಾಗ ಇಟ್ಟು ನೋಡೋಣ ಎನಿಸಿತು ಎಂದು ಚರಣ್‌ಜಿತ್ ಮುಂದೆ ಹೇಳಿಕೊಂಡಿದ್ದಾರೆ. ಇಷ್ಟೇ ಅವರ ಪ್ರಣಾಳಿಕೆ.

ಇನ್ನು ಯಂತ್ರಗಳ ವಿಚಾರ. ಮೂರೂ ಜಪಾನಿನ ರೋಲ್ಯಾಂಡ್ ಕಂಪೆನಿಯವು. ಬಡಿತಕ್ಕೆ ಟಿ.ಆರ್.-808, ಇದರಲ್ಲಿ ನಿಜವಾದ ಡ್ರಮ್ಮಿನ ಸದ್ದು ತುಂಬಿಟ್ಟಿಲ್ಲ, ವಿದ್ಯುತ್ ಸರ್ಕೀಟುಗಳೇ ಆ ಸದ್ದನ್ನು ಹುಟ್ಟಿಸುತ್ತವೆ. ರಾಗದ ಸಂಚಾರಕ್ಕೆ ಜುಪಿಟರ್-8 ಎಂಬ ದೊಡ್ಡ ಸಿಂಥಸೈಸರ್. ಮನೆಗಳಿದ್ದರೂ ಇದು ಪೇಟಿಯಂತಲ್ಲ, ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಿಸುವ ಸೌಕರ್ಯ ಇದರಲ್ಲಿದೆ. ಮೂರನೆಯದು, ಬೆಳ್ಳಿಯ ಬಣ್ಣದ ಪುಟ್ಟ ಪೆಟ್ಟಿಗೆ, ಟಿ.ಬಿ.-303. ಕಥೆಯೆಲ್ಲ ಇದರದ್ದೇ.

ಜೊತೆಗೆ ಬಾಸ್ ಗಿಟಾರಿನವನು ಇಲ್ಲದ ಒಂಟಿ ವಾದಕನಿಗೆ ಆಸರೆಯಾಗಲಿ ಎಂದು ಇದನ್ನು ಮಾಡಿದ್ದು. ಇದರಲ್ಲಿ ಸಾಮಾನ್ಯವಾಗಿ ಹದಿನಾರು ಮೆಟ್ಟಿಲುಗಳ ಒಂದು ಸುತ್ತು. ಯಾವ ಮೆಟ್ಟಿಲಿಗೆ ಯಾವ ಸ್ವರ ಎಂದು ಮೊದಲು ಕೂಡಿಸಬೇಕು. ಎಲ್ಲಿ ನಿಲ್ಲಬೇಕು, ಎಲ್ಲಿ ನುಡಿಯಬೇಕು ಎಂದು ಬೇರೆಯಾಗಿ ಹೇಳಿಕೊಡಬೇಕು. ಯಾವ ಸ್ವರಕ್ಕೆ ಒತ್ತು, ಯಾವ ಸ್ವರದಿಂದ ಮುಂದಿನದಕ್ಕೆ ಜಾರು ಎಂಬುದನ್ನೂ ಗುರುತು ಮಾಡಬಹುದು. ಆಮೇಲೆ ಯಂತ್ರ ದಣಿಯದೆ ಅದನ್ನೇ ತಿರುತಿರುಗಿ ನುಡಿಸುತ್ತದೆ.

ಮೇಲೆ ಕೆಲವು ತಿರುಗಣೆಗಳಿವೆ. ಅವು ಸ್ವರವನ್ನಲ್ಲ, ಸ್ವರದ ಬಣ್ಣವನ್ನು ಬದಲಿಸುತ್ತವೆ. ಅದು ಹೇಗೆ ಎನ್ನುವಿರಾ? ಒಂದೇ ಶ್ರುತಿಯಲ್ಲಿ ‘ಊ’ ಎಂದು ಹಿಡಿಯಿರಿ. ಉಸಿರು ಬಿಡದೆ, ಶ್ರುತಿ ಕದಲಿಸದೆ, ಬಾಯಿ ಮೆಲ್ಲಗೆ ತೆರೆಯುತ್ತ ‘ಆ’ಗೆ ಬನ್ನಿ. ಸ್ವರ ಅದೇ, ಆದರೆ ಮುಚ್ಚಿದ್ದ ಏನೋ ತೆರೆದುಕೊಂಡಿತಲ್ಲ? ಆ ಯಂತ್ರದ ಶೋಧಕ ಮಾಡುವ ಕೆಲಸ ಇದೇ. ನಾವು ಬಾಯಿಯಿಂದ ಮಾಡುವುದನ್ನು ಅಲ್ಲಿ ಬೆರಳಿನಿಂದ ತಿರುಗಣೆ ತಿರುಗಿಸಿ ಮಾಡುತ್ತಾರೆ.

ಈ ಪೆಟ್ಟಿಗೆ ಮಾರುಕಟ್ಟೆಯಲ್ಲಿ ಸೋತಿತು. ಬಾಸ್ ಗಿಟಾರಿನಂತೆ ಕೇಳಿಸಲಿಲ್ಲ ಎನ್ನುವುದು ಒಂದು ದೂರು. ಕೆಲಸ ಹೇಳಿಕೊಡುವುದು ತಲೆನೋವು ಎನ್ನುವುದು ಇನ್ನೊಂದು. ಪಾಶ್ಚಾತ್ಯ ಪದ್ಧತಿಯ ಹಾಡಿನಲ್ಲಿ ಕೆಲವೇ ಕ್ಷಣಗಳಿಗೊಮ್ಮೆ ಸ್ವರಮೇಳ ಬದಲಾಗುತ್ತದೆ, ಅದರೊಡನೆ ಬಾಸ್ ಕೂಡ ಜಾಗ ಬದಲಿಸಬೇಕು. ಅಷ್ಟನ್ನೂ ಈ ಪೆಟ್ಟಿಗೆಗೆ ಕಲಿಸುವಷ್ಟರಲ್ಲಿ ಬಾಸ್ ನುಡಿಸುವ ಗೆಳೆಯನನ್ನು ಹುಡುಕಿ ತರಬಹುದಿತ್ತು. 1984ಕ್ಕೆ ಇದರ ತಯಾರಿಕೆಯೇ ನಿಂತಿತು.

ಇಲ್ಲೇ ನನಗೆ ಹೊಳೆದದ್ದನ್ನು ಹೇಳಬೇಕು. ಆ ದೂರು ರಾಗಕ್ಕೆ ತಟ್ಟುವುದೇ ಇಲ್ಲ. ರಾಗಕ್ಕೆ ಒಂದೇ ಷಡ್ಜ. ಹಾಡು ಮುಗಿಯುವವರೆಗೆ ಅದು ಕದಲುವುದಿಲ್ಲ. ತಂಬೂರಿ ಮೊದಲ ಕ್ಷಣದಲ್ಲಿ ಹೇಳಿದ್ದನ್ನೇ ಕೊನೆಯ ಕ್ಷಣದಲ್ಲೂ ಹೇಳುತ್ತಿರುತ್ತದೆ. ಜಾಗ ಬದಲಿಸಲು ಬಾರದ ಯಂತ್ರ, ಜಾಗ ಬದಲಿಸಬೇಕಾಗಿಯೇ ಇಲ್ಲದ ಸಂಗೀತ. ಎರಡೂ ಮುಂಬಯಿಯಲ್ಲಿ ಒಬ್ಬ ಬಾಸ್ ವಾದಕನ ಕೈಯಲ್ಲಿ ಕೂಡಿಕೊಂಡವು. ಯಂತ್ರದ ಕೊರತೆ ಎಂದು ಎಣಿಸಿದ್ದು ಇಲ್ಲಿ ಕೊರತೆಯಾಗಲಿಲ್ಲ. ತಂಬೂರಿಯ ಜಾಗದಲ್ಲಿ ರಾಗದ ಸ್ವರಗಳದ್ದೇ ಒಂದು ಓಡುವ ಸುತ್ತು ಬಂದು ಕುಳಿತಿತು. ಅದರ ಮೇಲೆ ಜುಪಿಟರ್ ಸಂಚಾರ ಮಾಡಿತು. ಪೇಟಿಯಲ್ಲಿ ಇಲ್ಲವೆಂದು ರೇಡಿಯೋ ಮೂವತ್ತು ವರ್ಷ ಮುನಿಸಿಕೊಂಡ ಆ ಜಾರು ಎರಡು ಯಂತ್ರಗಳಲ್ಲೂ ಇತ್ತು.

(ರಾಗ ಲಲಿತ್ – ಮುಕ್ಕಾಲು ನಿಮಿಷ)

ಲಲಿತ್‌ನಲ್ಲಿ ಎರಡು ಮಧ್ಯಮಗಳು ಅಕ್ಕಪಕ್ಕ ನಿಲ್ಲುತ್ತವೆ, ಪಂಚಮವಿಲ್ಲ. ಆ ಎರಡು ಮಧ್ಯಮಗಳ ತಿಕ್ಕಾಟ ಈ ಲೋಹದ ಧ್ವನಿಗೆ ಎಷ್ಟು ಚೆನ್ನಾಗಿ ಒಗ್ಗಿದೆ ಕೇಳಿದಿರಾ? ಕಲಾವತಿ, ಭೂಪಾಲಿ, ಬೈರಾಗಿಯಂಥ ಐದು ಸ್ವರದ ರಾಗಗಳೂ ಒಗ್ಗುತ್ತವೆ. ಸ್ವರ ಕಡಿಮೆ ಇದ್ದಷ್ಟೂ ಸುತ್ತು ಬಿಗಿಯಾಗುತ್ತದೆ. ದಕ್ಷಿಣದವರು ಇವನ್ನು ಕ್ರಮವಾಗಿ ವಲಜಿ, ಮೋಹನ, ರೇವತಿ ಎಂದು ಇಟ್ಟುಕೊಂಡು ಕೇಳಿದರೆ ಹೆಚ್ಚು ವ್ಯತ್ಯಾಸ ಬಾರದು.

ಆದರೆ ಎಲ್ಲವೂ ಒಗ್ಗಿದೆ ಎಂದು ಹೇಳಿದರೆ ನಿಮ್ಮ ಕಿವಿಗೆ ಅನ್ಯಾಯವಾಗುತ್ತದೆ. ಮಾಲಕಂಸ್, ಅಂದರೆ ನಮ್ಮ ಹಿಂದೋಳ, ರಾತ್ರಿ ಸರಿದ ಮೇಲೆ ಭಾರವಾಗಿ ಹೆಜ್ಜೆ ಇಡುವ ರಾಗ. ಡಿಸ್ಕೊ ಓಟದಲ್ಲಿ ಅದು ಹಗುರಾಗಿ ಹೋಗಿದೆ. ಬೆಳಗಿನ ಲಲಿತ್ ಪಕ್ಕದಲ್ಲಿ ಇರುಳಿನ ಭೂಪಾಲಿ ಇಟ್ಟದ್ದಕ್ಕೆ ಹಿರಿಯರು ಹುಬ್ಬು ಗಂಟಿಕ್ಕಿದರೆ ಬೇಡವೆನ್ನಲಾರೆ. ಇನ್ನೊಂದು ದೊಡ್ಡ ನಷ್ಟ ತಾಳದ್ದು. ತೀನ್‌ತಾಲದಲ್ಲೂ ಹದಿನಾರು ಮಾತ್ರೆ, ಪೆಟ್ಟಿಗೆಯಲ್ಲೂ ಹದಿನಾರು ಮೆಟ್ಟಿಲು, ಅಷ್ಟಕ್ಕೇ ಹಿಗ್ಗಬೇಡಿ. ತೀನ್‌ತಾಲಕ್ಕೆ ಸಮ್ ಇದೆ, ಖಾಲಿ ಇದೆ, ಸುತ್ತಿ ಬಂದು ಸಮ್ ಮುಟ್ಟಿದಾಗ ಕೇಳುಗನ ತಲೆ ತಾನಾಗಿ ತೂಗುತ್ತದೆ. ಡಿಸ್ಕೊದ ನಾಲ್ಕು ಪೆಟ್ಟಿಗೂ ಒಂದೇ ತೂಕ. ಅಲ್ಲಿ ಖಾಲಿ ಎಂಬುದೇ ಇಲ್ಲ. ಮನೆ ಬಿಟ್ಟು ಹೋಗದವನಿಗೆ ಮರಳಿ ಬರುವ ಸುಖ ಎಲ್ಲಿಂದ?

ಭೂಪಾಲಿಯ ಐದು ಸ್ವರಗಳೇ ದೇಶಕಾರ್ ರಾಗದಲ್ಲೂ ಇವೆ. ಎಲ್ಲಿ ನಿಲ್ಲುತ್ತೀರಿ, ಯಾವುದಕ್ಕೆ ಬಲ ಕೊಡುತ್ತೀರಿ ಎಂಬುದರಿಂದಲೇ ಎರಡೂ ಬೇರೆ. ಹದಿನಾರು ಮೆಟ್ಟಿಲಿನ ಪೆಟ್ಟಿಗೆಗೆ ಆ ವಿವೇಕವಿಲ್ಲ. ಅದನ್ನು ಕಾಪಾಡುತ್ತಿರುವುದು ಮೇಲೆ ಜುಪಿಟರ್ ನುಡಿಸುತ್ತಿರುವ ಮನುಷ್ಯನ ಬಲಗೈ.

ರೆಕಾರ್ಡು ಮಾರಾಟವಾಗಲಿಲ್ಲ. ಡಿಸ್ಕೊ ಬೇಕೆಂದವರಿಗೆ ಹಾಡು ಬೇಕಿತ್ತು, ರಾಗ ಬೇಕೆಂದವರಿಗೆ ಡಿಸ್ಕೊ ಬೇಡವಾಗಿತ್ತು. ಚರಣ್‌ಜಿತ್ ತಮ್ಮ ಕೆಲಸಕ್ಕೆ ಮರಳಿದರು.

ಅತ್ತ ಅಮೆರಿಕದ ಶಿಕಾಗೋ ನಗರದಲ್ಲಿ, ಅಗ್ಗಕ್ಕೆ ಕೈ ಬದಲಾಗುತ್ತಿದ್ದ ಇದೇ 303 ಪೆಟ್ಟಿಗೆ ಕೆಲವು ಯುವಕರಿಗೆ ಸಿಕ್ಕಿತು. ಫ್ಯೂಚರ್ ಎಂಬ ಹೆಸರಿನ ಅವರ ತಂಡ 1987ರಲ್ಲಿ ‘ಆಸಿಡ್ ಟ್ರ್ಯಾಕ್ಸ್’ ಎಂಬ ಕುಣಿತದ ರೆಕಾರ್ಡು ತಂದಿತು. ತಿರುಗಣೆ ತಿರುಗಿಸುತ್ತ ಒಂದೇ ಸುತ್ತನ್ನು ಹತ್ತು ನಿಮಿಷಕ್ಕೂ ಮೀರಿ ಎಳೆದದ್ದೇ ಅದರ ಹೊಸತನ. ಅಲ್ಲಿಂದ ಆಸಿಡ್ ಹೌಸ್ ಎಂಬ ಒಂದು ಪಂಥವೇ ಹುಟ್ಟಿತು.

2002ರಲ್ಲಿ ನೆದರ್‌ಲ್ಯಾಂಡ್ಸ್ ದೇಶದ ಎಡೊ ಬೌಮನ್ ಎಂಬ ಸಂಗ್ರಾಹಕರಿಗೆ ದೆಹಲಿಯಲ್ಲಿ ಚರಣ್‌ಜಿತರ ರೆಕಾರ್ಡಿನ ಒಂದು ಪ್ರತಿ ಸಿಕ್ಕಿತು. ಅವರು ಅದನ್ನು 2010ರಲ್ಲಿ ಮತ್ತೆ ಹೊರತಂದಾಗ ಕೇಳಿದವರು ಬೆಚ್ಚಿದರು: ಶಿಕಾಗೋಗಿಂತ ಐದು ವರ್ಷ ಮೊದಲೇ ಮುಂಬಯಿಯಲ್ಲಿ ಇದು ಹೇಗಾಯಿತು? ಯಾರೋ ಯೂರೋಪಿನವರು ಈಚೆಗೆ ಮಾಡಿ ಹಳೆಯದೆಂದು ನಂಬಿಸುತ್ತಿದ್ದಾರೆ ಎಂದು ಸಂಶಯಪಟ್ಟವರೂ ಇದ್ದರು. ಹಾಡಿನ ಹಿಂದೆ ಹೆಸರಿಲ್ಲದೆ ಕುಳಿತವನು, ತನ್ನ ಹೆಸರು ಹಾಕಿದ ರೆಕಾರ್ಡಿಗೂ ತಾನೇ ಸಾಕ್ಷಿ ಹೇಳಬೇಕಾದ ಕಾಲ ಬಂತು.

ಸಂಶಯ ಕಳೆದ ಮೇಲೆ ಬಂದ ಹೊಗಳಿಕೆ ಇನ್ನೊಂದು ಬಗೆಯದು. ಆಸಿಡ್ ಹೌಸಿನ ಜನಕ ಎಂದು ಅವರನ್ನು ಕರೆದರು. ಅವರು ಜನಕರಲ್ಲ; ಶಿಕಾಗೋದ ಹುಡುಗರು ಅವರನ್ನು ಕೇಳಿ ಕಲಿತರೆಂಬುದಕ್ಕೆ ಯಾವ ಆಧಾರವೂ ಇಲ್ಲ. ಎರಡೂ ಒಂದೇ ರೀತಿ ಕೇಳಿಸಲು ಕಾರಣ ಆಗಲೇ ಹೇಳಿದೆನಲ್ಲ: ಅದೇ ಪೆಟ್ಟಿಗೆ, ಅದೇ ತಿರುತಿರುಗುವ ಸುತ್ತು, ಕದಲದ ಒಂದೇ ಆಧಾರ ಸ್ವರ. ಅಲ್ಲಿನವರು ಕುಣಿತದ ನೆಲದಿಂದ ಅಲ್ಲಿಗೆ ತಲುಪಿದರು, ಇವರು ಷಡ್ಜದಿಂದ. ಇವರನ್ನು ಅವರ ತಂದೆ ಮಾಡಿ ಹೊಗಳುವಾಗ ರಾಗದ ಮಾತೇ ಮರೆಯಾಗುತ್ತದೆ ಎಂಬುದು ನನ್ನ ತಕರಾರು. ಹತ್ತು ರಾಗ ಎಂದು ರೆಕಾರ್ಡಿನ ಹೆಸರಿನಲ್ಲೇ ಇದೆಯಲ್ಲ!

ಎಪ್ಪತ್ತು ದಾಟಿದ ವಯಸ್ಸಿನಲ್ಲಿ ಅವರನ್ನು ಯೂರೋಪಿನ ವೇದಿಕೆಗಳಿಗೆ ಕರೆದರು. ಅರ್ಧ ವಯಸ್ಸಿನ, ಕಾಲು ವಯಸ್ಸಿನ ಹುಡುಗರ ಮುಂದೆ ಅವರು ಅವೇ ರಾಗಗಳನ್ನು ನುಡಿಸಿದರು. 2015ರ ಜುಲೈಯಲ್ಲಿ ಮುಂಬಯಿಯಲ್ಲಿ ತೀರಿಕೊಂಡರು.

ಈಗ ಭೂಪಾಲಿ ಪೂರ್ತಿ ಹಾಕುತ್ತೇವೆ. ಮೋಹನ ಬಲ್ಲವರು ಮೋಹನವೆಂದೇ ಕೇಳಿ. ಮೊದಲ ಒಂದು ನಿಮಿಷ ಬಡಿತದ ಕಡೆ ಕಿವಿ ಕೊಡಬೇಡಿ. ಗಾಂಧಾರ ಎಲ್ಲಿ ನಿಲ್ಲುತ್ತದೆ, ಧೈವತದಿಂದ ಹೇಗೆ ಇಳಿಯುತ್ತದೆ, ಅದನ್ನಷ್ಟು ಹಿಡಿಯಿರಿ. ಮನೆಯಲ್ಲಿ ಮಕ್ಕಳಿದ್ದರೆ ಅವರು ಬಡಿತದ ಕಡೆಯಿಂದ ಬರಲಿ.

(ರಾಗ ಭೂಪಾಲಿ – ಪೂರ್ತಿ)