ಬಿಯರಿನ ಪೆಟ್ಟಿಗೆಯಲ್ಲಿ ನುಚ್ಚಿನ ಜೋನಿ

ಕಳೆದ ವರ್ಷ ನಮ್ಮ ಏಣೆಲು ಪೈರು ಕಟಾವಿನ ಹೊತ್ತಿಗೆ ನಾಲ್ಕು ದಿನ ಮಳೆಗೆ ಸಿಕ್ಕಿತು. ಆಮೇಲೆ ಸುಡುಬಿಸಿಲು. ನೆನೆದು ಒಣಗಿದ ಭತ್ತ ಒಳಗೇ ಬಿರುಕು ಬಿಡುತ್ತದೆ. ಬೆಳ್ತಿಗೆ ಮಾಡಿಸಲು ಮಿಲ್ಲಿಗೆ ಒಯ್ದರೆ ಕಾಲುಪಾಲು ನುಚ್ಚು. ಅದಕ್ಕೆ ಸಿಗುವ ಕ್ರಯ ಕೋಳಿ ಮೇವಿನದ್ದು. "ಇನ್ನೂ ಯಾಕೆ ಮಾರಾಯ್ರೆ ಗದ್ದೆ? ಮಣ್ಣು ತುಂಬಿಸಿ ಅಡಿಕೆ ಇಡಿ" ಅಂದವರೇ ಹೆಚ್ಚು. ಬಜಪೆ ಸುತ್ತ ಗದ್ದೆ ಉಳಿದಿರುವುದೇ ಅಲ್ಲೊಂದು ಇಲ್ಲೊಂದು. ನಮ್ಮದು ಮುಕ್ಕಾಲು ಎಕ್ರೆ. ಬಿಡುವ ಮನಸ್ಸು ನನಗೂ ಬಂದಿತ್ತು.

ಅದೇ ಸಮಯಕ್ಕೆ ಅಮೆರಿಕದಲ್ಲಿರುವ ಅಣ್ಣನ ಮಗ ಊರಿಗೆ ಬಂದ. ಅಲ್ಲಿ ಅವನ ಹವ್ಯಾಸ ಮನೆಯಲ್ಲೇ ಬಿಯರ್ ಮಾಡುವುದು! ಇಂಗ್ಲೆಂಡಿನಲ್ಲಿ 1963ರಿಂದ, ಅಮೆರಿಕದಲ್ಲಿ 1979ರಿಂದ ಮನೆ ಬಳಕೆಗೆ ಇದಕ್ಕೆ ಅವಕಾಶ ಇದೆ. ನಮ್ಮಲ್ಲಿ ಹಾಗಲ್ಲ. 1965ರ ಕರ್ನಾಟಕ ಅಬಕಾರಿ ಕಾಯ್ದೆಯಂತೆ ಪರವಾನಗಿ ಇಲ್ಲದೆ ಮದ್ಯ ತಯಾರಿ ಅಪರಾಧ. ಆದರೆ ಅವನು ವಿವರಿಸಿದ ಮೊದಲ ಹಂತದಲ್ಲಿ ಮದ್ಯ ಇಲ್ಲವೇ ಇಲ್ಲ. ಮೊಳಕೆ ಬರಿಸಿದ ಬಾರ್ಲಿಯ ತರಿಯನ್ನು ಬಿಸಿನೀರಲ್ಲಿ ಹದ ಶಾಖದಲ್ಲಿ ಇಟ್ಟರೆ ಪಿಷ್ಟ ಸಕ್ಕರೆಯಾಗುತ್ತದೆ. ಯೀಸ್ಟ್ ಸೇರಿದ ಮೇಲೆಯೇ ಅದು ಬಿಯರ್. "ಹಾಗಾದರೆ ಸಕ್ಕರೆಯಲ್ಲೇ ನಿಲ್ಲಿಸಿದರೆ?" ಅಂತ ಕೇಳಿದೆ. ಅಲ್ಲಿಂದ ಶುರು.

ಪೆಟ್ಟಿಗೆ ಮಾಡಿದ್ದು ಹೀಗೆ

20 ಲೀಟರಿನ ಹಳೆ ಸ್ಟೀಲ್ ಪಾತ್ರೆ. ಬುಡದಿಂದ ಒಂದು ಇಂಚು ಮೇಲೆ ತೂತು ಕೊರೆದು ಸ್ಟೀಲ್ ನಳ್ಳಿ ಕೂರಿಸಿದೆ. ಎರಡೂ ಬದಿಗೆ ಬಿಸಿ ತಡೆಯುವ ವಾಷರ್, ನಟ್ ಬಿಗಿದರೆ ಸಾಕು, ವೆಲ್ಡಿಂಗ್ ಬೇಡ. ಒಳಗೆ ನಳ್ಳಿಗಿಂತ ಮೇಲೆ ನಿಲ್ಲುವಂತೆ ಕಾಲು ಕೊಟ್ಟ ತೂತಿನ ತಟ್ಟೆ. ಇಡ್ಲಿ ಬೇಯಿಸುವ ಅಟ್ಟಿನಳಗೆಯ ತಟ್ಟೆ ಇದೆಯಲ್ಲ, ಅದೇ ನಮೂನೆ. ಜಿಐ ಶೀಟು ಬಳಸಬೇಡಿ, ತಿನ್ನುವ ವಸ್ತು.

ಪಾತ್ರೆಯ ಸುತ್ತ ನಾಲ್ಕು ಇಂಚು ಜಾಗ ಬಿಡುವ ಮರದ ಪೆಟ್ಟಿಗೆ. ಆ ಜಾಗಕ್ಕೆಲ್ಲ ಒಣ ಉಮಿ ಒತ್ತಿ ತುಂಬಿಸಿದೆ. ಮುಚ್ಚಳದ ಮೇಲೆ ಉಮಿ ತುಂಬಿದ ಗೋಣಿಯ ದಿಂಬು. ಮೂರು ಗಂಟೆಯಲ್ಲಿ ಇಳಿಯುವ ಶಾಖ ನಾಲ್ಕು ಡಿಗ್ರಿ ಮಾತ್ರ. ಕೊಂಡದ್ದು ನಳ್ಳಿ, ತಟ್ಟೆ ಮತ್ತು ಥರ್ಮಾಮೀಟರ್. ಥರ್ಮಾಮೀಟರ್ ಬೇಕೇ ಬೇಕು, ಕೈ ಅಂದಾಜು ನಡೆಯೋದಿಲ್ಲ.

ಎರಡು ಸಲ ಸೋತೆ

ಬಾರ್ಲಿ ನಮ್ಮ ಬೆಳೆಯಲ್ಲ. ರಾಗಿ ಮೊಳಕೆಯಲ್ಲೂ ಪಿಷ್ಟ ಕರಗಿಸುವ ಗುಣ ಚೆನ್ನಾಗಿದೆ. ಮೈಸೂರಿನ ಸಿಎಫ್‌ಟಿಆರ್‌ಐ ವಿಜ್ಞಾನಿಗಳು ರಾಗಿ ಮೊಳಕೆಯ ಹಿಟ್ಟಿನಿಂದ ಮಕ್ಕಳ ಆಹಾರ ರೂಪಿಸಿದ್ದು ಇದೇ ಗುಣ ನೋಡಿ.

ಮೊದಲ ಸಲ ಅಂಗಡಿಯ ರಾಗಿ ಮಾಲ್ಟ್ ಪುಡಿ ಹಾಕಿದೆ. ರಾತ್ರಿಯಿಡೀ ಇಟ್ಟರೂ ಗಂಜಿ ಗಟ್ಟಿಯಾಗೇ ಇತ್ತು, ಬೆಳಿಗ್ಗೆ ಹುಳಿ ವಾಸನೆ. ಹುರಿದ ಮಾಲ್ಟಿನಲ್ಲಿ ಜೀವ ಇರುವುದಿಲ್ಲ ಅಂತ ಆಮೇಲೆ ಗೊತ್ತಾಯ್ತು. ಎಲ್ಲಾ ದನದ ಬಾಲ್ದಿಗೆ.

ಎರಡನೇ ಸಲ ಮನೆಯಲ್ಲೇ ಮೊಳಕೆ ಬರಿಸಿದೆ. ಸಿಹಿಯಾಯ್ತು, ಆದರೆ ನಳ್ಳಿಯಲ್ಲಿ ತೊಟ್ಟು ಇಳಿಯಲಿಲ್ಲ. ಬಾರ್ಲಿಗೆ ಸಿಪ್ಪೆ ಇದೆ, ಅದೇ ಜರಡಿಯಾಗುತ್ತದೆ. ಬೆಂದ ನುಚ್ಚಿಗೆ ಏನಿದೆ? ಅಣ್ಣನ ಮಗನಿಗೆ ಫೋನ್ ಮಾಡಿದರೆ ನಗಾಡಿದ. "ಚಿಕ್ಕಪ್ಪ, ಅಂಟು ಧಾನ್ಯ ಹಾಕಿದರೆ ನಾವು ಉಮಿ ಸೇರಿಸ್ತೇವೆ, ಇಲ್ಲಿ ಪ್ಯಾಕೆಟಿನಲ್ಲಿ ದುಡ್ಡು ಕೊಟ್ಟು ತರೋದು!" ನಾನು ಪೆಟ್ಟಿಗೆಗೆ ತುಂಬಿಸಿದ ವಸ್ತುವನ್ನೇ ಪಾತ್ರೆಯೊಳಗೆ ಹಾಕಬೇಕಿತ್ತು.

ಈಗಿನ ಕ್ರಮ

ರಾಗಿಯನ್ನು ಒಂದು ರಾತ್ರಿ ನೆನೆಸಿ, ಬಟ್ಟೆಯಲ್ಲಿ ಎರಡು ದಿನ ಕಟ್ಟಿಡಿ. ಬಿಸಿಲಲ್ಲೇ ಒಣಗಿಸಿ, ಹುರಿಯಬೇಡಿ. ಬೇರು ಉಜ್ಜಿ ತೆಗೆದು ತರಿತರಿಯಾಗಿ ಬೀಸಿ. ಮಳೆಗಾಲದಲ್ಲಿ ಬೂಸ್ಟು ಹಿಡಿಯುತ್ತದೆ, ಬೇಸಿಗೆಯಲ್ಲೇ ಮಾಡಿಟ್ಟುಕೊಳ್ಳಿ. ಬೂಸ್ಟು ಬಂದದ್ದನ್ನು ದನಕ್ಕೂ ಹಾಕಬೇಡಿ.

3 ಕಿಲೋ ನುಚ್ಚನ್ನು 10 ಲೀಟರ್ ನೀರಲ್ಲಿ ಪೂರಾ ಬೇಯಿಸಿ. ತೊಳೆದು ಕುದಿಸಿದ ಎರಡು ಬೊಗಸೆ ಉಮಿಯನ್ನು ತೂತಿನ ತಟ್ಟೆಯ ಮೇಲೆ ಹರಡಿ, ಗಂಜಿ ಸುರಿಯಿರಿ. ಶಾಖ 72 ಡಿಗ್ರಿಗೆ ಇಳಿದಾಗ ಮುಕ್ಕಾಲು ಕಿಲೋ ರಾಗಿ ತರಿಯನ್ನು 2 ಲೀಟರ್ ತಣ್ಣೀರಲ್ಲಿ ಕದಡಿ ಮೇಲಿಂದ ಬೆರೆಸಿ. ತಟ್ಟೆಯ ಮೇಲಿನ ಉಮಿ ಕದಡಬಾರದು. 65ರ ಹತ್ತಿರ ನಿಲ್ಲುತ್ತದೆ. 75 ದಾಟಿದ ಗಂಜಿಗೆ ಹಾಕಿದರೆ ಮೊಳಕೆಯ ಶಕ್ತಿ ಸಾಯುತ್ತದೆ. 50ಕ್ಕೆ ಇಳಿದರೆ ಹುಳಿ ಬರುತ್ತದೆ. ಅರ್ಧ ಗಂಟೆಯಲ್ಲೇ ಸೌಟು ನಿಲ್ಲುವಂಥ ಗಂಜಿ ನೀರಾಗುವುದು ನೋಡಿಯೇ ನಂಬಬೇಕು.

ಮೂರು ಗಂಟೆ ಬಿಟ್ಟು ಒಂದು ಚಮಚ ರಸ ಬಟ್ಟಲಿಗೆ ತೆಗೆದು, ತಣಿದ ಮೇಲೆ ಟಿಂಚರ್ ಅಯೋಡಿನ್ ಒಂದು ಹನಿ ಬಿಡಿ. ಕಡುನೀಲಿ ಬಂದರೆ ಪಿಷ್ಟ ಉಳಿದಿದೆ, ಇನ್ನೊಂದು ಗಂಟೆ ಕಾಯಿರಿ. ಆ ಬಟ್ಟಲಿನದ್ದನ್ನು ಚೆಲ್ಲಿಬಿಡಿ. ನಳ್ಳಿ ಸ್ವಲ್ಪವೇ ತಿರುಗಿಸಿ. ಮೊದಲು ಬರುವ ಮಡ್ಡಿ ರಸವನ್ನು ಮೇಲಿಂದ ವಾಪಸು ಹೊಯ್ಯಿರಿ. ತಿಳಿಯಾದ ಮೇಲೆ ಹಿಡಿದುಕೊಂಡು ಅದೇ ದಿನ ಕುದಿಸಿ ಬತ್ತಿಸಿ. ಹಾಗೇ ಇಟ್ಟರೆ ತಾನಾಗಿಯೇ ಹುಳಿತು ಅಬಕಾರಿಯವರ ದಾರಿ ಹಿಡಿಯುತ್ತದೆ!

ನಮಗೆ 2 ಕಿಲೋ ಹತ್ತಿರ ಜೋನಿ ಸಿಕ್ಕಿತು. ಬಣ್ಣ ಕಂದು, ಸಿಹಿ ಬೆಲ್ಲಕ್ಕಿಂತ ಕಮ್ಮಿ. ನೀರುದೋಸೆಗೆ ಲಾಯ್ಕ್. ಸಕ್ಕರೆ ಕಾಯಿಲೆಯವರಿಗೆ ಮಾತ್ರ ಇದೂ ಸಕ್ಕರೆಯೇ. ಚರಟವನ್ನು ಅದೇ ದಿನ ಮೇವಿನ ಜೊತೆ ಸ್ವಲ್ಪ ಸ್ವಲ್ಪ ದನಕ್ಕೆ ಕೊಡುತ್ತೇವೆ.

ಲೆಕ್ಕ ಹೇಳಲೇಬೇಕು. ಬತ್ತಿಸಲು ನಾಲ್ಕೈದು ಗಂಟೆ ಒಲೆಯ ಮುಂದೆ ಕೂರಬೇಕು. ತೆಂಗಿನ ಮಡಲು, ಕೊತ್ತಳಿಗೆ ಇದ್ದವರಿಗೆ ಸರಿ, ಗ್ಯಾಸಿನಲ್ಲಿ ಮಾಡಿದರೆ ನಷ್ಟ. ಮಾರಬೇಕಾದರೆ ಎಫ್‌ಎಸ್‌ಎಸ್‌ಎಐ ನೋಂದಣಿ ಬೇಕು. ನಾವು ಮಾರಿಲ್ಲ. ಮನೆಗೆ ತರುವ ಬೆಲ್ಲ, ಸಕ್ಕರೆ ಅರ್ಧ ಇಳಿದಿದೆ, ಅಷ್ಟೆ.

ದೊಡ್ಡ ಲಾಭ ಬೇರೆಯೇ. ನುಚ್ಚು ಎಂದರೆ ಸೋಲು ಅನ್ನುವ ಲೆಕ್ಕ ತಲೆಯಿಂದ ಹೋಯ್ತು. ಗದ್ದೆಗೆ ಮಣ್ಣು ತುಂಬಿಸಲಿಲ್ಲ. ಈ ಸಲವೂ ಏಣೆಲು ನೇಜಿ ನೆಟ್ಟಿದ್ದೇವೆ.